ಹಿತ್ತಲ ಈಜುಕೊಳ: ಬೈಗ್ವನೈಡ್‌ನಿಂದ ಕ್ಲೋರಿನ್‌ಗೆ



ನಮ್ಮ ಟೆಕ್ಸಾಸ್‌ನಲ್ಲಿ ಮನೆ ಕೊಳ್ಳುವಾಗ ಹಿತ್ತಲಲ್ಲಿ ಪೂಲ್ ಇದೆಯೇ ಎಂದು ಎಲ್ಲರೂ ನೋಡುತ್ತಾರೆ. ಅದರ ನೀರನ್ನು ಯಾವ ರಾಸಾಯನಿಕದಿಂದ ಶುದ್ಧವಾಗಿಟ್ಟಿದ್ದಾರೆ ಎಂದು ಕೇಳುವವರು ಕಡಿಮೆ. ಬೀಗದ ಕೈ ಸಿಕ್ಕಿದ ಮೇಲೆ ಗ್ಯಾರೇಜಿನ ಮೂಲೆಯಲ್ಲಿ ಬಾಕ್ವಾಸಿಲ್ ಎಂದೋ ಸಾಫ್ಟ್‌ಸ್ವಿಮ್ ಎಂದೋ ಬರೆದ ಡಬ್ಬಗಳು ಕಾಣುತ್ತವೆ. ಅಂದರೆ ಹಿಂದಿನ ಮಾಲೀಕರು ಕ್ಲೋರಿನ್ ಬಳಸುತ್ತಿರಲಿಲ್ಲ, ಬೈಗ್ವನೈಡ್ ಬಳಸುತ್ತಿದ್ದರು ಎಂದರ್ಥ. ಅದನ್ನು ಬಿಟ್ಟು ಕ್ಲೋರಿನ್‌ಗೆ ಬರುವುದು ಹೇಗೆ ಎಂದು ಸಂಘದ ಪಿಕ್ನಿಕ್‌ಗಳಲ್ಲಿ ಪ್ರತಿ ಬೇಸಿಗೆಯೂ ಯಾರಾದರೂ ಕೇಳುವುದರಿಂದ, ಈ ಸಲ ಬರೆದೇಬಿಡೋಣ ಎನಿಸಿತು.

ಮೊದಲು ಈ ಬೈಗ್ವನೈಡ್ ಎಂದರೇನು ನೋಡೋಣ. ಪಿಎಚ್‌ಎಂಬಿ ಎಂಬ ಉದ್ದ ಸರಪಳಿಯ ಪಾಲಿಮರ್ ಇದು. ಬ್ಯಾಕ್ಟೀರಿಯಾದ ಹೊರಪೊರೆಗೆ ಅಂಟಿಕೊಂಡು ಅದನ್ನು ಒಡೆಯುತ್ತದೆ. ಬಿಸಿಲಿಗೆ ಆರಿಹೋಗುವುದಿಲ್ಲ, ವಾಸನೆ ಇಲ್ಲ, ಕಣ್ಣು ಉರಿಯುವುದಿಲ್ಲ. ಇಷ್ಟೆಲ್ಲ ಗುಣಗಳಿರುವುದು ನಿಜವೇ. ಆದರೆ ಅದು ಕೊಳೆಯನ್ನು ಸುಡುವುದಿಲ್ಲ. ಬೆವರು, ಸನ್‌ಸ್ಕ್ರೀನ್ ಎಣ್ಣೆ, ಕೊಳೆತ ಎಲೆ ಇವುಗಳನ್ನು ಸುಡಲು ಜೊತೆಗೆ ಹೈಡ್ರೋಜನ್ ಪೆರಾಕ್ಸೈಡ್ ಬೇಕು. ಪಾಚಿಗೆ ಮೂರನೆಯ ಬಾಟಲಿ ಬೇಕು. ವರ್ಷಗಳು ಕಳೆದಂತೆ ಇದಕ್ಕೆ ಜಗ್ಗದ ಜೀವಿಗಳು ಕೊಳದಲ್ಲಿ ಮನೆ ಮಾಡಿಕೊಳ್ಳುತ್ತವೆ. ಪೈಪಿನೊಳಗೆ ಒದ್ದೆ ಟಿಶ್ಯೂ ಪೇಪರ್‌ನಂಥ ಬಿಳಿ ಬೂಷ್ಟು, ಮೆಟ್ಟಿಲ ಸಂದಿಯಲ್ಲಿ ಗುಲಾಬಿ ಬಣ್ಣದ ಲೋಳೆ. ಆಗ ಇನ್ನಷ್ಟು ಬಾಟಲಿ, ಇನ್ನಷ್ಟು ಖರ್ಚು. ಜನ ಇದಕ್ಕೆ ಎಳ್ಳುನೀರು ಬಿಡಲು ನಿರ್ಧರಿಸುವುದು ಸಾಮಾನ್ಯವಾಗಿ ಈ ಹಂತದಲ್ಲೇ.

ಸರಿ, ನಾಳೆಯಿಂದ ಕ್ಲೋರಿನ್ ಹಾಕಿದರಾಯಿತಲ್ಲ ಎನ್ನಬೇಡಿ. ಇವೆರಡರದು ಎಣ್ಣೆ-ಸೀಗೆಕಾಯಿ ಸಂಬಂಧ. ಪೆರಾಕ್ಸೈಡ್ ಮತ್ತು ಕ್ಲೋರಿನ್ ಪರಸ್ಪರ ನಾಶ ಮಾಡಿಕೊಳ್ಳುತ್ತವೆ. ಬೈಗ್ವನೈಡ್ ಅನ್ನು ಕ್ಲೋರಿನ್ ಸುಡಲು ಹೊರಟರೆ ಆ ಕೆಲಸಕ್ಕೇ ಕ್ಲೋರಿನ್ ಖರ್ಚಾಗಿಬಿಡುತ್ತದೆ. ಅಂಥ ನೀರಿನಲ್ಲಿ ಎರಡರಲ್ಲಿ ಒಂದೂ ಸರಿಯಾಗಿ ಕಾವಲು ಕಾಯುವುದಿಲ್ಲ. ನೀರು ನೋಡಲು ಸ್ವಚ್ಛವಾಗಿರಬಹುದು, ಆದರೆ ಒಂದು ಮಗುವಿನಿಂದ ಬಂದ ಕ್ರಿಮಿ ಇನ್ನೊಂದು ಮಗುವಿನ ಬಾಯಿಗೆ ಹೋಗುವ ಮುನ್ನ ಸಾಯುವ ಭರವಸೆ ಇಲ್ಲ. ಇಲ್ಲಿನ ಸಿಡಿಸಿ ಸಂಸ್ಥೆಯ ಲೆಕ್ಕದಲ್ಲಿ 1 ಪಿಪಿಎಂ ಕ್ಲೋರಿನ್ ಇರುವ ನೀರಿನಲ್ಲಿ ಈ-ಕೊಲೈ ಒಂದು ನಿಮಿಷದೊಳಗೆ ಸಾಯುತ್ತದೆ, ಹೆಪಟೈಟಿಸ್-ಎ ವೈರಸ್‌ಗೆ ಸುಮಾರು 16 ನಿಮಿಷ, ಜಿಯಾರ್ಡಿಯಾಕ್ಕೆ 45 ನಿಮಿಷ ಬೇಕು. (ಕ್ರಿಪ್ಟೋಸ್ಪೊರಿಡಿಯಂ ಎಂಬ ಮೊಂಡು ಜೀವಿಗೆ ಹತ್ತು ದಿನಕ್ಕೂ ಹೆಚ್ಚು! ಹೊಟ್ಟೆ ಕೆಟ್ಟ ಮಕ್ಕಳನ್ನು ನೀರಿಗಿಳಿಸಬಾರದು ಎನ್ನುವುದು ಅದಕ್ಕೇ.) ಈ ಅಂಕಿಗಳು ಅನ್ವಯಿಸುವುದು ಕ್ಲೋರಿನ್ ನೀರಿನಲ್ಲಿ ಉಳಿದಿದ್ದರೆ ಮಾತ್ರ, ಹಳೆಯದನ್ನು ಸುಡುವುದರಲ್ಲಿ ಮುಗಿದುಹೋದರೆ ಅಲ್ಲ.

ನಮ್ಮ ಸಾಫ್ಟ್‌ವೇರ್ ಭಾಷೆಯಲ್ಲಿ ಹೇಳಬೇಕೆಂದರೆ ಇದು ಅಪ್‌ಗ್ರೇಡ್ ಅಲ್ಲ, ಮೈಗ್ರೇಶನ್. ಹಳೆಯ ಸಿಸ್ಟಮ್ ಪೂರ್ತಿ ನಿಂತಿದೆ ಎಂದು ಟೆಸ್ಟ್ ಮಾಡಿ ತೋರಿಸುವವರೆಗೆ ಹೊಸದು ಲೈವ್ ಆಗಿದೆ ಎನ್ನುವಂತಿಲ್ಲ.

ಬ್ರೋಮಿನ್ ಬಳಸುತ್ತಿದ್ದವರಿಗೆ ಇಲ್ಲೇ ಒಂದು ಮಾತು. ನಿಮ್ಮ ದಾರಿ ಬೇರೆ. ಬ್ರೋಮೈಡ್ ಲವಣ ಸುಟ್ಟುಹೋಗುವುದಿಲ್ಲ, ನೀರಿನಲ್ಲೇ ಇರುತ್ತದೆ. ನೀವು ಹಾಕಿದ ಕ್ಲೋರಿನ್ ಅದನ್ನು ಮತ್ತೆ ಬ್ರೋಮಿನ್ ಮಾಡುತ್ತದೆ, ಅಷ್ಟೆ. ನೀರನ್ನೇ ಬದಲಾಯಿಸುವುದು ನಿಮಗಿರುವ ಉಪಾಯ. ಮುಂದಿನದೆಲ್ಲ ಬೈಗ್ವನೈಡ್ ಕೊಳದವರಿಗೆ.

ಶುರು ಮಾಡುವ ಎರಡು ಮೂರು ವಾರ ಮೊದಲೇ ಮೂರೂ ಬಾಟಲಿಗಳನ್ನು ಹಾಕುವುದು ನಿಲ್ಲಿಸಿ. ಪೆರಾಕ್ಸೈಡ್ ತಾನಾಗಿಯೇ ಇಳಿಯುತ್ತದೆ, ಬೈಗ್ವನೈಡ್ ನಿಧಾನವಾಗಿ ಇಳಿಯುತ್ತದೆ. ಎಷ್ಟು ಇಳಿದರೆ ಅಷ್ಟು ಕ್ಲೋರಿನ್ ಉಳಿತಾಯ. ಸ್ವಲ್ಪ ನೀರು ಹೊರಹಾಕಿ ಹೊಸ ನೀರು ತುಂಬಿಸಿದರೂ ಅದೇ ಲಾಭ, ಅರ್ಧ ನೀರು ಬದಲಾದರೆ ಹೆಚ್ಚು ಕಡಿಮೆ ಅರ್ಧ ಕೆಲಸ ಮುಗಿದಂತೆ. ಆದರೆ ಕೊಳವನ್ನು ಪೂರ್ತಿ ಖಾಲಿ ಮಾಡುವ ಸಾಹಸ ಬೇಡ. ಮಳೆಗಾಲದಲ್ಲಿ ನೆಲದಡಿಯ ನೀರು ಮೇಲಿದ್ದರೆ ಖಾಲಿ ಕೊಳ ದೋಣಿಯಂತೆ ಮೇಲೆದ್ದುಬಿಡಬಹುದು, ಫೈಬರ್‌ಗ್ಲಾಸ್ ಕೊಳಕ್ಕಂತೂ ಈ ಭಯ ಜಾಸ್ತಿ. ನಿಮ್ಮ ಊರಿನಲ್ಲಿ ನೀರಿನ ನಿರ್ಬಂಧ ಜಾರಿಯಲ್ಲಿದೆಯೇ ಎಂದೂ ನೋಡಿಕೊಳ್ಳಿ. ಈ ಬಿಡುವಿನ ವಾರಗಳಲ್ಲೂ ಕೊಳಕ್ಕೆ ಯಾರೂ ಇಳಿಯಬಾರದು, ಕಾವಲು ಇಳಿಯುತ್ತಿರುವ ನೀರು ಅದು.

ಈಗ ಲೆಕ್ಕ. ಉದ್ದ, ಅಗಲ, ಸರಾಸರಿ ಆಳ, ಮೂರನ್ನೂ ಅಡಿಯಲ್ಲಿ ಅಳೆದು ಗುಣಿಸಿ, ಬಂದದ್ದನ್ನು 7.5ರಿಂದ ಗುಣಿಸಿ. 30 ಅಡಿ ಉದ್ದ, 15 ಅಡಿ ಅಗಲ, ನಾಲ್ಕೂವರೆ ಅಡಿ ಸರಾಸರಿ ಆಳದ ಕೊಳದಲ್ಲಿ ಸುಮಾರು 15,000 ಗ್ಯಾಲನ್ ನೀರು. ನೆನಪಿಟ್ಟುಕೊಳ್ಳಲು ಸುಲಭವಾದ ಇನ್ನೊಂದು ಸೂತ್ರ: 10% ದ್ರವ ಕ್ಲೋರಿನ್ ಒಂದು ಗ್ಯಾಲನ್ ಹಾಕಿದರೆ 10,000 ಗ್ಯಾಲನ್ ನೀರಿನಲ್ಲಿ 10 ಪಿಪಿಎಂ ಏರುತ್ತದೆ. ನಮಗೆ ಬೇಕಾದ ಗುರಿ 15 ಪಿಪಿಎಂ. ಹಾಗಾಗಿ ಈ ಕೊಳಕ್ಕೆ ಮೊದಲ ಸಲ ಎರಡೂಕಾಲು ಗ್ಯಾಲನ್. ಒಟ್ಟು ಎಷ್ಟು ಬೇಕಾದೀತು ಎಂಬುದು ಹಳೆಯದು ಎಷ್ಟು ಉಳಿದಿದೆ ಎನ್ನುವುದರ ಮೇಲೆ ನಿಂತಿದೆ. ಒಂದೇ ಸಲ ರಾಶಿ ತಂದು ಗ್ಯಾರೇಜಿನಲ್ಲಿ ಇಡಬೇಡಿ, ನಮ್ಮ ಜುಲೈ ಸೆಕೆಗೆ ದ್ರವ ಕ್ಲೋರಿನ್ ತನ್ನ ಬಲ ಕಳೆದುಕೊಳ್ಳುತ್ತದೆ. ಡಬ್ಬದ ಮೇಲಿನ ತಾರೀಖು ನೋಡಿ ಕೊಳ್ಳಿ. ಬಟ್ಟೆ ಒಗೆಯುವ ಬ್ಲೀಚ್ ಕೂಡ ಆಗುತ್ತದೆ, ಸುಗಂಧವಿರುವುದು ಮತ್ತು ಸಿಡಿಯದಂತೆ ಗಟ್ಟಿ ಮಾಡಿದ್ದು ಬೇಡ. ಅದರ ಶೇಕಡಾವಾರು ಕಡಿಮೆ ಇರುವುದರಿಂದ ಅಷ್ಟೇ ಪ್ರಮಾಣದಲ್ಲಿ ಹೆಚ್ಚು ಸುರಿಯಬೇಕು.

ಟೆಸ್ಟ್ ಕಿಟ್ ವಿಷಯದಲ್ಲಿ ಜಿಪುಣತನ ಬೇಡ. ಕಾಗದದ ಪಟ್ಟಿಗಳಲ್ಲಿ 15 ಪಿಪಿಎಂ ನಂಬಿಕೆಯಿಂದ ಓದಲಾಗದು. ಬಣ್ಣ ಹೋಲಿಸುವ ಸಾಮಾನ್ಯ ಡಿಪಿಡಿ ಕಿಟ್‌ನಲ್ಲಿ ಕ್ಲೋರಿನ್ ತುಂಬ ಹೆಚ್ಚಾದರೆ ಗುಲಾಬಿ ಬಣ್ಣವೇ ಬಿಳಚಿಕೊಂಡು, ಇದ್ದದ್ದನ್ನು ಇಲ್ಲವೆಂದು ತೋರಿಸುತ್ತದೆ. ನಿಮಗೆ ಬೇಕಾದ್ದು ಎಫ್‌ಎಎಸ್-ಡಿಪಿಡಿ ಎಂಬ, ಹನಿ ಎಣಿಸುವ ಕಿಟ್. 10 ಮಿಲಿ ನೀರಿಗೆ ಪುಡಿ ಹಾಕಿದರೆ ಗುಲಾಬಿ ಆಗುತ್ತದೆ, ಬಣ್ಣ ಹೋಗುವವರೆಗೆ ಹನಿ ಹಾಕಿ ಎಣಿಸಬೇಕು, ಒಂದು ಹನಿಗೆ ಅರ್ಧ ಪಿಪಿಎಂ. ಪಿಯುಸಿ ಲ್ಯಾಬಿನ ಟೈಟ್ರೇಶನ್ ನೆನಪಾಯಿತೇ? ಅದೇ ಇದು. ಜಂಭದ ಬ್ಯೂರೆಟ್ ಇಲ್ಲ ಅಷ್ಟೆ.

ಸುರಿಯುವ ಮೊದಲು ಪಿಎಚ್ ಅನ್ನು 7.2ರ ಹತ್ತಿರ ತನ್ನಿ. ಕ್ಲೋರಿನ್ 10 ಪಿಪಿಎಂ ದಾಟಿದ ಮೇಲೆ ಪಿಎಚ್ ಪರೀಕ್ಷೆ ಸುಳ್ಳು ಹೇಳತೊಡಗುತ್ತದೆ, ಹಾಗಾಗಿ ಇದು ಮೊದಲೇ ಆಗಬೇಕಾದ ಕೆಲಸ. ಪಿಎಚ್ ಇಳಿಸಲು ಮ್ಯೂರಿಯಾಟಿಕ್ ಆಸಿಡ್ ಹಾಕಿದರೆ ಪಂಪ್ ಓಡುತ್ತಿರುವಾಗ ಅರ್ಧ ಗಂಟೆಯಾದರೂ ಬಿಟ್ಟು, ಆಮೇಲೆ ಕ್ಲೋರಿನ್. ಆಸಿಡ್ ಮತ್ತು ಕ್ಲೋರಿನ್ ನೇರವಾಗಿ ಕೂಡಿದರೆ ಹುಟ್ಟುವುದು ವಿಷಾನಿಲ. ಒಂದೇ ಬಕೆಟ್, ಒಂದೇ ಅಳತೆ ಲೋಟ ಎರಡಕ್ಕೂ ಬಳಸಬೇಡಿ. ಕಣ್ಣಿಗೆ ಕನ್ನಡಕ, ಕೈಗೆ ಗವಸು ಇರಲಿ. ಗೇಟಿಗೆ ಬೀಗ ಇರಲಿ, ಮಕ್ಕಳೂ ನಾಯಿಯೂ ಮನೆಯೊಳಗಿರಲಿ. ಪಂಪ್ ಓಡುತ್ತಿರುವಾಗ, ನೀರು ಕೊಳಕ್ಕೆ ವಾಪಸು ಬರುವ ಬಾಯಿಯ ಮುಂದೆ, ನಿಧಾನವಾಗಿ ಸುರಿಯಿರಿ.

ಬಹಳ ಜನ ಕೈಬಿಡುವುದು ಇದರ ನಂತರ. ಕ್ಲೋರಿನ್ ಬಿದ್ದ ಕೆಲವೇ ಹೊತ್ತಿನಲ್ಲಿ ನೀರು ಕಲಕಿದಂತಾಗುತ್ತದೆ. ಹಾಲು ಬೆರೆಸಿದಂತೆ, ಹಳದಿ ಮಿಶ್ರಿತ ಹಸಿರು, ಕೆಲವು ಕೊಳಗಳಲ್ಲಿ ಚಹಾದ ಕಂದು. ಗೋಡೆಗೆ ಜಿಗುಟು ಅಂಟುತ್ತದೆ. ಒಂದು ಗಂಟೆಯ ನಂತರ ಪರೀಕ್ಷಿಸಿದರೆ 15 ಹಾಕಿದ್ದರಲ್ಲಿ 2 ಉಳಿದಿರುತ್ತದೆ, ಅಥವಾ ಅದೂ ಇರುವುದಿಲ್ಲ. ಮನೆಯವರು ಕಿಟಕಿಯಿಂದ ನೋಡಿ, ಚೆನ್ನಾಗಿದ್ದ ನೀರನ್ನು ಏನು ಮಾಡಿಟ್ಟಿರಿ ಎನ್ನುತ್ತಾರೆ. ಗಾಬರಿಯಾಗಬೇಡಿ, ಹಳೆಯದು ಸುಡುತ್ತಿರುವ ಗುರುತು ಇದು. ಇಲ್ಲಿ ಹೆದರಿ ಅಂಗಡಿಗೆ ಓಡಿ ನೀರು ತಿಳಿಯಾಗಿಸುವ ಔಷಧಿ ತಂದು ಸುರಿದರೆ ಇನ್ನೊಂದು ರಾಸಾಯನಿಕ ಸೇರಿತು, ಅಷ್ಟೆ. ಅರ್ಧಕ್ಕೆ ನಿಲ್ಲಿಸಿದರೆ ಹಾಕಿದ ದುಡ್ಡೂ ನೀರಿಗೆ ಹಾಕಿದಂತೆಯೇ.

ಮಾಡಬೇಕಾದದ್ದು ಒಂದೇ: ಅಳೆಯಿರಿ, ಮತ್ತೆ 15ಕ್ಕೆ ಏರಿಸಿ. ಬೆಳಿಗ್ಗೆ, ಸಂಜೆ ಮತ್ತು ಮಲಗುವ ಮುಂಚೆ. ಮನೆಯಿಂದಲೇ ಕೆಲಸ ಮಾಡುವವರು ಎರಡು ಮೀಟಿಂಗ್‌ಗಳ ನಡುವೆ ಇನ್ನೊಮ್ಮೆ. ಈ ಹಂತದಲ್ಲಿ ನೀರಿನಲ್ಲಿ ಸಯನ್ಯೂರಿಕ್ ಆಸಿಡ್ ಇಲ್ಲದಿರುವುದರಿಂದ ನಡುಹಗಲ ಬಿಸಿಲು ಅರ್ಧ-ಮುಕ್ಕಾಲು ಗಂಟೆಯಲ್ಲಿ ಕ್ಲೋರಿನ್‌ನ ಅರ್ಧವನ್ನು ನುಂಗಿಬಿಡುತ್ತದೆ, ಹಾಗಾಗಿ ದೊಡ್ಡ ಡೋಸ್ ಸೂರ್ಯ ಮುಳುಗಿದ ಮೇಲೆ ಇಟ್ಟುಕೊಳ್ಳಿ. ಪಂಪ್ ಹಗಲೂ ರಾತ್ರಿ ಓಡಲಿ. ಫಿಲ್ಟರ್‌ನ ಒತ್ತಡ ಶುದ್ಧವಾಗಿದ್ದಾಗಿನದಕ್ಕಿಂತ ಶೇ. 25ರಷ್ಟು ಏರಿದಾಗಲೆಲ್ಲ ಬ್ಯಾಕ್‌ವಾಶ್ ಮಾಡಿ. ಗೋಡೆ ದಿನವೂ ಉಜ್ಜಿ. ದೀಪದ ಹಿಂದೆ, ಏಣಿಯ ಕೊಳವೆಯೊಳಗೆ, ಸ್ಕಿಮ್ಮರ್ ಮುಚ್ಚಳದ ಸಂದಿಯಲ್ಲಿ ಹಳೆಯ ಲೋಳೆ ಅಡಗಿ ಕೂತಿರುತ್ತದೆ, ಅಲ್ಲಿಗೂ ಬ್ರಷ್ ಹೋಗಬೇಕು. ಕೆಲವರಿಗೆ ನಾಲ್ಕೈದು ದಿನ ಸಾಕು, ಕೆಲವರಿಗೆ ಎರಡು ವಾರ ದಾಟುತ್ತದೆ.

ಮುಗಿಯಿತು ಎಂದು ಹೇಳುವುದು ಕಣ್ಣಲ್ಲ, ಅಂಕಿ. ಸೂರ್ಯ ಮುಳುಗಿದ ಮೇಲೆ ಅಳೆದು ಬರೆದಿಡಿ, ಬೆಳಿಗ್ಗೆ ಬಿಸಿಲು ಬೀಳುವ ಮುನ್ನ ಮತ್ತೆ ಅಳೆಯಿರಿ. ರಾತ್ರಿ ಬಿಸಿಲಿಲ್ಲ. ಕ್ಲೋರಿನ್ ಕಡಿಮೆಯಾಗಿದ್ದರೆ ನೀರಿನಲ್ಲಿರುವ ಏನೋ ಅದನ್ನು ತಿಂದಿದೆ ಎಂದೇ ಅರ್ಥ. ರಾತ್ರಿಯ ನಷ್ಟ 1 ಪಿಪಿಎಂ ಒಳಗಿರಬೇಕು, ಅದೇ ಕಿಟ್ ತೋರಿಸುವ ಬಂಧಿತ ಕ್ಲೋರಿನ್ ಅರ್ಧ ಪಿಪಿಎಂ ಮೀರಿರಬಾರದು, ಕೊಳದ ತಳದ ಜಾಲರಿ ನಿಚ್ಚಳವಾಗಿ ಕಾಣಬೇಕು. ಮೂರರಲ್ಲಿ ಎರಡು ಆದರೆ ಸಾಲದು. ಅಂದಹಾಗೆ, ಪೂಲ್‌ನಲ್ಲಿ ಮೂಗಿಗೆ ಹೊಡೆಯುವ 'ಕ್ಲೋರಿನ್ ವಾಸನೆ' ಕ್ಲೋರಿನ್ ಹೆಚ್ಚಾದದ್ದರಿಂದ ಬರುವುದಲ್ಲ. ಬೆವರು, ಮೂತ್ರದ ಜೊತೆ ಸೇರಿದ ಬಂಧಿತ ಕ್ಲೋರಿನ್‌ನ ವಾಸನೆ ಅದು. ಊರಿನಲ್ಲಿ ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿದ ದಿನದ ವಾಸನೆಯೊಂದಿಗೆ ನಾವು ಇದನ್ನು ಒಂದೇ ಎಂದುಕೊಂಡಿರುತ್ತೇವೆ.

ಮೂರೂ ಪಾಸಾದ ಮೇಲೆ ಫಿಲ್ಟರ್‌ನ ಮರಳನ್ನು ಬದಲಿಸಿ. ಇದು ತಪ್ಪಿಸಿಕೊಳ್ಳುವ ಖರ್ಚಲ್ಲ. ಹಳೆ ಮರಳಿನ ಕಣಕಣಕ್ಕೂ ಆ ಜಿಗುಟು ಅಂಟಿರುತ್ತದೆ, ವಾರಗಟ್ಟಲೆ ಕ್ಲೋರಿನ್ ತಿನ್ನುತ್ತಿರುತ್ತದೆ. ಮೊದಲೇ ಬದಲಿಸಿದರೆ ಹೊಸ ಮರಳೂ ಕೆಡುತ್ತದೆ, ಆದ್ದರಿಂದ ಕೊನೆಯಲ್ಲೇ. ಕಾರ್ಟ್ರಿಜ್ ಇದ್ದರೆ ಹೊಸ ಕಾರ್ಟ್ರಿಜ್.

ಆಮೇಲೆ ಸಯನ್ಯೂರಿಕ್ ಆಸಿಡ್. ಕ್ಲೋರಿನ್‌ಗೆ ಇದು ಕೊಡೆ ಹಿಡಿದಂತೆ, ಬಿಸಿಲಿನಿಂದ ಕಾಯುತ್ತದೆ. 10,000 ಗ್ಯಾಲನ್‌ಗೆ ಎರಡೂವರೆ ಪೌಂಡ್ ಹಾಕಿದರೆ 30 ಪಿಪಿಎಂ. ಹಳೆಯ ಕಾಲುಚೀಲದಲ್ಲಿ ತುಂಬಿ ನೀರು ಬರುವ ಬಾಯಿಯ ಮುಂದೆ ತೂಗುಬಿಡಿ, ಆಗಾಗ ಹಿಚುಕಿ. ಕೊಡೆ ದೊಡ್ಡದಾದರೆ ಕ್ಲೋರಿನ್ ಅದರಡಿಯಲ್ಲೇ ಕುಳಿತು ಕೆಲಸ ನಿಧಾನವಾಗುತ್ತದೆ ಎಂಬುದೂ ನೆನಪಿರಲಿ. ಅಂಗಡಿಯ ದುಂಡು ಮಾತ್ರೆಗಳು ಟ್ರೈಕ್ಲೋರ್. ಅವುಗಳಿಂದ 10 ಪಿಪಿಎಂ ಕ್ಲೋರಿನ್ ಬಂದಾಗಲೆಲ್ಲ ಸುಮಾರು 6 ಪಿಪಿಎಂ ಸಯನ್ಯೂರಿಕ್ ಆಸಿಡ್ ಕೂಡ ಸೇರಿ, ಬೇಸಿಗೆ ಮುಗಿಯುವಷ್ಟರಲ್ಲಿ ಕೊಡೆ ಚಪ್ಪರವಾಗಿರುತ್ತದೆ. ರಜೆಗೆ ಊರಿಗೆ ಹೋದಾಗ ಮಾತ್ರೆ ಸರಿ, ದಿನನಿತ್ಯಕ್ಕೆ ದ್ರವ ಕ್ಲೋರಿನ್ ವಾಸಿ ಎನ್ನುವುದು ನನ್ನ ಅಭಿಪ್ರಾಯ. ಸಯನ್ಯೂರಿಕ್ ಆಸಿಡ್ 30ರಿಂದ 40 ಇರುವ ಕೊಳದಲ್ಲಿ ಕ್ಲೋರಿನ್ 3ರಿಂದ 4 ಪಿಪಿಎಂಗೆ ಇಳಿದು ನಿಂತ ದಿನ, ಪಿಎಚ್ ಇನ್ನೊಮ್ಮೆ ನೋಡಿ, ಮಕ್ಕಳನ್ನು ಕರೆಯಿರಿ.

ಗ್ಯಾರೇಜಿನಲ್ಲಿ ಉಳಿದಿರುವ ಪೆರಾಕ್ಸೈಡ್ ಮತ್ತು ಬೈಗ್ವನೈಡ್ ಡಬ್ಬಗಳನ್ನು ಹೊಸ ಕ್ಲೋರಿನ್ ಪಕ್ಕ ಇಡಬೇಡಿ, ಚರಂಡಿಗೂ ಸುರಿಯಬೇಡಿ. ಅವನ್ನು ಮನೆಯ ಅಪಾಯಕಾರಿ ತ್ಯಾಜ್ಯ ತೆಗೆದುಕೊಳ್ಳುವ ನಿಮ್ಮ ಊರಿನ ಕೇಂದ್ರಕ್ಕೆ ಒಯ್ದು ಕೊಡಿ. ಹಳೆಯ ತೇಲುವ ಡಬ್ಬಿಯಲ್ಲಿ ಮೊದಲು ಯಾವ ಮಾತ್ರೆ ಇತ್ತೋ ಗೊತ್ತಿಲ್ಲದಿದ್ದರೆ ಅದರಲ್ಲಿ ಹೊಸ ಮಾತ್ರೆ ಹಾಕದೆ ಡಬ್ಬಿಯನ್ನೂ ಅಲ್ಲಿಗೇ ಕಳಿಸಿ.