ಶುಲ್ಕ ಕಟ್ಟುವ ಮುನ್ನ ಒಂದು ನಾಟಕ ನೋಡು

ಕಾಚಿಗುಡ, ಹೈದರಾಬಾದ್

ಚಿ. ಗೌರಿ,

ನಿಮ್ಮಪ್ಪ ರಾಯಚೂರಿನಿಂದ ಫೋನ್ ಮಾಡಿದ್ದ. "ಅಕ್ಕಾ, ನೀನಾದರೂ ಆಕೆಗೆ ತಿಳಿಸಿ ಹೇಳು" ಎಂದ. ಡಿಗ್ರಿ ಮುಗಿದ ಮೇಲೆ ನಟನೆ ಕಲಿಯಲು ಹೋಗುತ್ತೇನೆ ಎಂದು ನೀನು ಹೇಳಿದ ದಿನದಿಂದ ಅವನಿಗೆ ಸರಿಯಾಗಿ ನಿದ್ದೆ ಹತ್ತಿಲ್ಲವಂತೆ. ಮರುದಿನ ನಿನ್ನ ಮೆಸೇಜು ಬಂತು: ಆರು ಶಾಲೆಗಳ ಪಟ್ಟಿ, ಕೆಳಗೆ "ಅತ್ತೀ, ಯಾವುದು ಛಲೋ?" ಎಂಬ ಒಂದೇ ಪ್ರಶ್ನೆ. ಇದು ಫೋನಿನಲ್ಲಿ ಐದು ನಿಮಿಷದಲ್ಲಿ ಹೇಳಿ ಮುಗಿಸುವ ಮಾತಲ್ಲ. ಅದಕ್ಕೇ ಕಾಗದ ಬರೆಯಲು ಕೂತಿದ್ದೇನೆ. ಬಿಡುವಾದಾಗ ಓದು, ಮತ್ತೊಮ್ಮೆಯೂ ಓದು.

ಮೊದಲೇ ಹೇಳಿಬಿಡುತ್ತೇನೆ, ನಿನ್ನನ್ನು ತಡೆಯಲು ಈ ಕಾಗದ ಬರೆಯುತ್ತಿಲ್ಲ. ನಿಮ್ಮಪ್ಪನಿಗೂ ನಾಟಕದ ಮೇಲೆ ಸಿಟ್ಟಿಲ್ಲ. ನಾವು ಸಣ್ಣವರಿದ್ದಾಗ ಜಾತ್ರೆಗೆ ಕಂಪನಿ ನಾಟಕ ಬಂದರೆ ಅಜ್ಜನ ಕೈ ಹಿಡಿದು ಎಲ್ಲರಿಗಿಂತ ಮೊದಲು ಹೊರಡುತ್ತಿದ್ದವನು ಅವನೇ. ತಗಡಿನ ಥೇಟರಿನಲ್ಲಿ ನೆಲದ ಮೇಲೆ ಕೂತು ನೋಡಿ, ಮರುದಿನ ಹಿತ್ತಿಲಲ್ಲಿ ಅದೇ ಮಾತುಗಳನ್ನು ಗಂಟಲು ಹರಿಯುವಂತೆ ಒದರುತ್ತಿದ್ದ. ಅವನಿಗಿರುವುದು ಮಗಳ ಬಗೆಗಿನ ಹೆದರಿಕೆ. ಅಷ್ಟು ಹೆದರಿಕೆ ನನಗೂ ಇದೆ, ಸುಳ್ಳೇಕೆ ಹೇಳಲಿ.

ನಾನು ಮದುವೆಯಾಗಿ ಈ ಊರಿಗೆ ಬಂದಾಗ ಹೈದರಾಬಾದು ನಮಗೆ ಪರಸ್ಥಳ ಅನ್ನಿಸಲಿಲ್ಲ. 1956ರವರೆಗೆ ರಾಯಚೂರು, ಕಲಬುರ್ಗಿ, ಬೀದರ್ ಎಲ್ಲ ಈ ಊರಿನ ಆಡಳಿತದಲ್ಲೇ ಇದ್ದವಲ್ಲ. ಉಸ್ಮಾನಿಯಾದಲ್ಲಿ ಓದಲು ಬಂದು ಇಲ್ಲೇ ನಿಂತ ಕನ್ನಡದ ಮನೆಗಳು ಆಗ ಕಾಚಿಗುಡದ ಸುತ್ತ ಬಹಳ ಇದ್ದವು. ಇಲ್ಲಿನ ಕರ್ನಾಟಕ ಸಾಹಿತ್ಯ ಮಂದಿರಕ್ಕೆ ನಿಮ್ಮ ಮಾಮನ ಜೊತೆ ನಾಟಕ ನೋಡಲು ಹೋಗುತ್ತಿದ್ದೆ. ಹಗಲೆಲ್ಲ ಕಚೇರಿಯಲ್ಲಿ ದುಡಿದು ಸಂಜೆ ತಾಲೀಮು ಮಾಡುವ ಹವ್ಯಾಸಿಗಳ ಬಗ್ಗೆ ನನಗೆ ಗೌರವ ಹುಟ್ಟಿದ್ದು ಅಲ್ಲೇ. ಹೊಟ್ಟೆಪಾಡು ಒಂದು, ನಾಟಕ ಇನ್ನೊಂದು ಎಂದು ಬದುಕಿದವರು ಅವರು. ನೀನು ಎರಡನ್ನೂ ಒಂದು ಮಾಡಿಕೊಳ್ಳಲು ಹೊರಟಿದ್ದೀಯ. ಆದ್ದರಿಂದ ಕಲಿಯುವ ಜಾಗವನ್ನು ಅವರಿಗಿಂತ ಹೆಚ್ಚು ಎಚ್ಚರದಿಂದ ಆರಿಸಬೇಕು.

ನಿನ್ನ ಪಟ್ಟಿಗೆ ಬರುವ ಮುನ್ನ ಈ ಊರಿನ ಒಂದು ಮನೆಯ ಮಾತು ಹೇಳುತ್ತೇನೆ. ನಾಂಪಲ್ಲಿಯ ಹತ್ತಿರ ಗೋಲ್ಡನ್ ಥ್ರೆಶೋಲ್ಡ್ ಎಂಬ ಹಳೆಯ ಬಂಗಲೆ ಇದೆ. ಸರೋಜಿನಿ ನಾಯ್ಡು ಅವರ ಮನೆ. 1974ರಲ್ಲಿ ಹೈದರಾಬಾದ್ ಕೇಂದ್ರೀಯ ವಿಶ್ವವಿದ್ಯಾಲಯ ಶುರುವಾದದ್ದೇ ಆ ಮನೆಯಲ್ಲಿ. ಸರೋಜಿನಿಯವರ ತಮ್ಮ ಹರೀಂದ್ರನಾಥ ಚಟ್ಟೋಪಾಧ್ಯಾಯರು ಕವಿ, ನಟ. ಅವರ ಕೈ ಹಿಡಿದವರು ನಮ್ಮ ಮಂಗಳೂರಿನ ಕಮಲಾದೇವಿ. ಬಾಲವಿಧವೆಯಾಗಿದ್ದ ಆಕೆ ಮರುಮದುವೆಯಾದರು. ಮನೆತನಸ್ಥ ಹೆಣ್ಣುಮಕ್ಕಳು ಬಣ್ಣ ಹಚ್ಚುವುದನ್ನು ಜನ ಆಡಿಕೊಳ್ಳುತ್ತಿದ್ದ ಕಾಲದಲ್ಲಿ ರಂಗದ ಮೇಲೆ ನಿಂತರು, ‘ಮೃಚ್ಛಕಟಿಕ’ದ ಮೂಕಿಚಿತ್ರದಲ್ಲೂ ನಟಿಸಿದರು. ಮುಂದೆ ಅವರ ಭಾರತೀಯ ನಾಟ್ಯ ಸಂಘ ದೆಹಲಿಯಲ್ಲಿ ಒಂದು ರಂಗಶಾಲೆ ತೆರೆಯಿತು. ಅದು 1959ರಲ್ಲಿ ಶುರುವಾದ ರಾಷ್ಟ್ರೀಯ ನಾಟಕ ಶಾಲೆಯೊಳಗೆ ಸೇರಿಹೋಯಿತು. "ಹೆಣ್ಣುಮಗಳಿಗೆ ಇದೆಲ್ಲ ಯಾಕೆ" ಎಂದು ಯಾರಾದರೂ ಕೇಳಿದರೆ ಕಮಲಾದೇವಿಯವರ ಹೆಸರು ಹೇಳು. ನಿನ್ನ ಪಟ್ಟಿಯಲ್ಲಿರುವ ಆ ಶಾಲೆಯ ತಳಪಾಯದಲ್ಲಿ ಒಬ್ಬ ಕರಾವಳಿಯ ಹೆಣ್ಣುಮಗಳ ದುಡಿಮೆ ಇದೆ.

ಈಗ ನಿನ್ನ ಪಟ್ಟಿಗೆ ಬರುತ್ತೇನೆ.

ಅದರಲ್ಲಿ ಮೊದಲು ಬರೆದದ್ದು ಇಲ್ಲಿಯ ಫಿಲ್ಮ್‌ನಗರದ ಕಡೆಯ ಒಂದು ಕೋರ್ಸು. ಕೆಲವೇ ತಿಂಗಳು, ಶುಲ್ಕ ಲಕ್ಷಗಳಲ್ಲಿ, ಕೊನೆಗೆ ಒಂದು ಫೋಟೋ ಆಲ್ಬಮ್ಮು ಮತ್ತು ಸರ್ಟಿಫಿಕೇಟು. ಸಿನಿಮಾ ಊರಿನಲ್ಲಿ ಇಂಥವು ಗಲ್ಲಿಗೊಂದು ಹುಟ್ಟುತ್ತವೆ. ಎಲ್ಲವೂ ಟೊಳ್ಳು ಎನ್ನಲಾರೆ. ಕ್ಯಾಮೆರಾ ಮುಂದೆ ನಿಲ್ಲುವುದೂ ಒಂದು ವಿದ್ಯೆಯೇ. ಆದರೆ ದನಿ, ಉಸಿರು, ಮೈಯ ಬಳುಕು ಪಳಗಲು ಕಾಲ ಬೇಕು. ಆ ಕೆಲಸ ಮೊದಲು ಆಗಲಿ. "ಸಿನಿಮಾದಲ್ಲಿ ಅವಕಾಶ ಗ್ಯಾರಂಟಿ" ಎಂದು ಯಾರಾದರೂ ಮಾತು ಕೊಟ್ಟರೆ ಅಲ್ಲಿಂದ ಎದ್ದು ಬಾ. ಆ ಮಾತು ಕೊಡುವ ಶಕ್ತಿ ಯಾವ ಮೇಷ್ಟರಿಗೂ ಇಲ್ಲ.

ಎರಡನೆಯದು ಆಗಲೇ ಹೇಳಿದ ಕೇಂದ್ರೀಯ ವಿಶ್ವವಿದ್ಯಾಲಯ, ಈಗ ಗಚ್ಚಿಬೌಲಿಯಲ್ಲಿದೆ. ಅಲ್ಲಿ ಸರೋಜಿನಿ ನಾಯ್ಡು ಹೆಸರಿನ ಕಲಾಶಾಲೆಯಲ್ಲಿ ಪದವಿ ಮುಗಿಸಿದವರಿಗೆ ಎರಡು ವರ್ಷದ ರಂಗಕಲೆಯ ಸ್ನಾತಕೋತ್ತರ ಕೋರ್ಸಿದೆ. ಗ್ರಂಥಾಲಯ, ಹಾಸ್ಟೆಲು, ಓದುವ ವಾತಾವರಣ ಎಲ್ಲ ಉಂಟು. ನಾಳೆ ಕಾಲೇಜಿನಲ್ಲಿ ಪಾಠ ಹೇಳಬೇಕೆಂದರೆ, ಸಂಶೋಧನೆ ಮಾಡಬೇಕೆಂದರೆ ಆ ಪದವಿ ನೆರವಿಗೆ ಬರುತ್ತದೆ. ಮೂರನೆಯದು ದೆಹಲಿಯ ರಾಷ್ಟ್ರೀಯ ನಾಟಕ ಶಾಲೆ. ಅಲ್ಲಿಯದು ಮೂರು ವರ್ಷದ ಡಿಪ್ಲೊಮಾ, ವಿದ್ಯಾರ್ಥಿವೇತನವೂ ಇದೆ. ಇಡೀ ದೇಶದಿಂದ ಕೆಲವೇ ಮಂದಿಯನ್ನು ತೆಗೆದುಕೊಳ್ಳುತ್ತಾರೆ. ಪದವಿಯ ಜೊತೆಗೆ ಹಿಂದೆ ನಾಟಕಗಳಲ್ಲಿ ಕೆಲಸ ಮಾಡಿದ ಅನುಭವವನ್ನೂ ಕೇಳುತ್ತಾರೆ. ನಿನಗೆ ಸದ್ಯ ಆ ಅನುಭವ ಕಡಿಮೆ. ಅದು ಎರಡನೆಯ ಮೆಟ್ಟಿಲಾಗಲಿ.

ಉಳಿದವು ನಮ್ಮ ಕನ್ನಡದ ಮನೆಗಳು. ಸಾಗರದ ಹತ್ತಿರ ಹೆಗ್ಗೋಡಿನ ನೀನಾಸಮ್, ಮೈಸೂರಿನ ರಂಗಾಯಣ, ಹೊಸದುರ್ಗ ತಾಲೂಕಿನ ಸಾಣೇಹಳ್ಳಿ. ಹೆಗ್ಗೋಡಿನಲ್ಲಿ ಅಡಿಕೆ ತೋಟದ ನಡುವೆ 1949ರಲ್ಲಿ ಊರಿನವರು ಕಟ್ಟಿಕೊಂಡ ಸಂಘ, ಕೆ.ವಿ. ಸುಬ್ಬಣ್ಣನವರ ಕೈಯಲ್ಲಿ ಬೆಳೆದು 1980ರಲ್ಲಿ ರಂಗಶಿಕ್ಷಣ ಕೇಂದ್ರ ತೆರೆಯಿತು. ಅಲ್ಲಿ ನಟನೆಯೊಂದನ್ನೇ ಕಲಿಸುವುದಿಲ್ಲ. ಬೆಳಕು, ಪ್ರಸಾಧನ, ರಂಗಸಜ್ಜಿಕೆ, ಯಕ್ಷಗಾನದ ಹೆಜ್ಜೆ, ನಾಟಕದ ಚರಿತ್ರೆ, ಎಲ್ಲವನ್ನೂ ಕನ್ನಡದಲ್ಲೇ ಕಲಿಸುತ್ತಾರೆ. 1985ರಿಂದ ‘ತಿರುಗಾಟ’ ನಡೆಯುತ್ತಿದೆ. ಕಲಿತವರ ತಂಡವೊಂದು ನಾಟಕ ಕಟ್ಟಿಕೊಂಡು ಊರೂರು ಸುತ್ತುತ್ತದೆ. ಒಂದು ಊರಿನಲ್ಲಿ ಜನ ನಕ್ಕ ಮಾತಿಗೆ ಮುಂದಿನ ಊರಿನಲ್ಲಿ ಮೌನ. ಯಾಕೆ ಹೀಗಾಯಿತು ಎಂದು ನಟರು ರಾತ್ರಿಯೆಲ್ಲ ತಲೆ ಕೆಡಿಸಿಕೊಳ್ಳಬೇಕು. ಆ ಪಾಠ ಯಾವ ತರಗತಿಯಲ್ಲೂ ಸಿಗದು. ಸಾಣೇಹಳ್ಳಿಯ ‘ಶಿವಸಂಚಾರ’ದ್ದೂ ಇದೇ ಬಗೆಯ ಊರು ಸುತ್ತುವ ಬದುಕು.

ಭಾಷೆಯ ಮಾತನ್ನು ನೀನು ಪಟ್ಟಿಯಲ್ಲಿ ಬರೆದೇ ಇಲ್ಲ. ನಟಿಗೆ ಅದು ದೊಡ್ಡ ಮಾತು, ಮಗಳೆ. ದೆಹಲಿಯಲ್ಲಿ ಹಿಂದಿಯಲ್ಲಿ ಅಳಬೇಕು, ನಗಬೇಕು. ಇಲ್ಲಾದರೆ ತೆಲುಗು, ಇಂಗ್ಲಿಷು. ನೀನು ರಾಯಚೂರಿನ ಕನ್ನಡದಲ್ಲಿ ಜಗಳ ಆಡುವವಳು, ಬಜಾರಿನಲ್ಲಿ ತೆಲುಗು, ಪಕ್ಕದ ಮನೆಯವರ ಜೊತೆ ದಖನಿ ಮಾತಾಡುವವಳು. ಇದು ನಿನ್ನ ಆಸ್ತಿ. "ಗಡಿಯ ಭಾಷೆ, ತಿದ್ದಿಕೊಳ್ಳಬೇಕು" ಎಂದು ಯಾರು ಹೇಳಿದರೂ ಅದನ್ನು ಕಳೆದುಕೊಳ್ಳಬೇಡ. ಮೊದಲ ವರ್ಷ ನಿನ್ನ ನಾಲಗೆ ಸಲೀಸಾಗಿ ಹೊರಳುವ ಭಾಷೆಯಲ್ಲಿ ಕಲಿ. ಆಮೇಲೆ ಯಾವ ಭಾಷೆಗೆ ಬೇಕಾದರೂ ಹೋಗು.

ಹಾಗೆ ಹೋದ ರಂಗನಿರ್ದೇಶಕ ಬಿ.ವಿ. ಕಾರಂತರ ದಾರಿ ನೋಡು. ಹುಡುಗನಿದ್ದಾಗಲೇ ಮನೆ ಬಿಟ್ಟು ಗುಬ್ಬಿ ನಾಟಕ ಕಂಪನಿ ಸೇರಿದರು. ಗುಬ್ಬಿ ವೀರಣ್ಣನವರೇ ಅವರನ್ನು ಕಾಶಿಗೆ ಓದಲು ಕಳಿಸಿದರು. ಅಲ್ಲಿ ಹಿಂದಿ ಎಂ.ಎ. ಮಾಡಿ, ಸಂಗೀತ ಕಲಿತು, ದೆಹಲಿಯ ನಾಟಕ ಶಾಲೆ ಸೇರಿದರು. 1977ರಲ್ಲಿ ಅದೇ ಶಾಲೆಯ ನಿರ್ದೇಶಕರಾದರು. 1989ರಲ್ಲಿ ಮೈಸೂರಿನ ರಂಗಾಯಣ ಕಟ್ಟಿದರು. ಅಷ್ಟೆಲ್ಲ ಆದ ಮೇಲೂ ತೊಂಬತ್ತರ ದಶಕದಲ್ಲಿ ಇದೇ ಹೈದರಾಬಾದಿನ ಸುರಭಿ ಕಲಾವಿದರ ಜೊತೆ ಕೂತು ‘ಭೀಷ್ಮ’ ಮುಂತಾದ ನಾಟಕಗಳನ್ನು ಮಾಡಿಸಿದರು. ಕಂಪನಿಯಲ್ಲಿ ಬೆಳೆದವರಾದ್ದರಿಂದ ಕಂಪನಿಯವರಿಗೆ ಏನು ಗೊತ್ತಿರುತ್ತದೆಂದು ಅವರಿಗೆ ಗೊತ್ತಿತ್ತು.

ಸುರಭಿಯವರು ಶೇರಿಲಿಂಗಂಪಲ್ಲಿಯ ಕಡೆ ಇರುತ್ತಾರೆ. 1885ರಲ್ಲಿ ಕಡಪ ಸೀಮೆಯ ಸುರಭಿ ಎಂಬ ಹಳ್ಳಿಯಲ್ಲಿ ‘ಕೀಚಕವಧ’ ಆಡಿ ಶುರುಮಾಡಿದ ಮನೆತನ, ಇಂದಿಗೂ ಬಣ್ಣ ಹಚ್ಚುತ್ತಿದೆ. ಅವರ ‘ಮಾಯಾಬಜಾರ್’ ಆಟವನ್ನು ಒಮ್ಮೆ ರಂಗದ ಪಕ್ಕದಿಂದ ನೋಡುವ ಅವಕಾಶ ನನಗೆ ಸಿಕ್ಕಿತ್ತು. ಅರಮನೆಯ ದೃಶ್ಯ ಮುಗಿಯಿತು. ಕಿರೀಟ ತೊಟ್ಟ ಹೆಂಗಸು ಪರದೆಯ ಮರೆಗೆ ಬಂದಳು, ಒಂದು ಮಗುವನ್ನು ಸೊಂಟಕ್ಕೇರಿಸಿಕೊಂಡಳು, ಇನ್ನೊಂದು ಕೈಯಲ್ಲಿ ಹಗ್ಗ ಹಿಡಿದು ನಿಂತಳು. ಕಣ್ಣು ರಂಗದ ಮೇಲೆಯೇ ಇತ್ತು. ಹಾಡಿನ ಒಂದು ತಿರುವು ಬಂದ ಕೂಡಲೇ ಹಗ್ಗ ಎಳೆದಳು. ಹೊರಗೆ ಜನ ಹೋ ಎಂದು ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆ ತನ್ನದು ಎಂದು ಆಕೆ ಯಾರಿಗೂ ಹೇಳಲಿಲ್ಲ, ಮಗುವನ್ನು ಇಳಿಸಿ ಮುಂದಿನ ದೃಶ್ಯಕ್ಕೆ ನಡೆದಳು. ನಟನೆ ಕಲಿತವರು ಹೇಗಿರುತ್ತಾರೆ ಎಂದು ಆವತ್ತು ನೋಡಿದೆ.

ಅಂದಿನಿಂದ ನನ್ನ ಮನಸ್ಸಿನಲ್ಲಿ ನಿಂತ ಮಾತು ಇದೊಂದೇ. ಯಾವ ಶಾಲೆಗೇ ಆಗಲಿ ದುಡ್ಡು ಕಟ್ಟುವ ಮುನ್ನ ಅಲ್ಲಿಯ ವಿದ್ಯಾರ್ಥಿಗಳು ಆಡುವ ನಾಟಕವನ್ನು ಪೂರ್ತಿ ಕೂತು ನೋಡು. ಇಳಕಲ್ಲು ಸೀರೆ ಕೊಳ್ಳುವಾಗ ಸೆರಗು ಬಿಡಿಸಿ, ಮಗ್ಗುಲು ತಿರುವಿ ನೋಡುತ್ತೇವಲ್ಲ, ಹಾಗೆ ನೋಡು. ಅವರು ಹಂಚುವ ಪುಸ್ತಿಕೆಯಲ್ಲಿ ಎಲ್ಲ ಶಾಲೆಗಳೂ ಒಂದೇ ಥರ ಹೊಳೆಯುತ್ತವೆ. ವಿದ್ಯಾರ್ಥಿಗಳ ನಾಟಕದಲ್ಲಿ ಶಾಲೆ ಇದ್ದ ಹಾಗೆ ಕಾಣುತ್ತದೆ.

ಕೊನೆಯ ಸಾಲಿನಲ್ಲಿ ಕೂರು. ಮೈಕಿಲ್ಲದೆ ಮಾತು ಅಲ್ಲಿಯವರೆಗೆ ಬರುತ್ತದೆಯೇ ಕೇಳು. ನಾಯಕನನ್ನು ಎಲ್ಲರೂ ನೋಡುತ್ತಾರೆ, ನೀನು ಈಟಿ ಹಿಡಿದು ನಿಂತ, ಮಾತಿಲ್ಲದ ದೂತನನ್ನು ನೋಡು. ಅವನು ಬೇರೆಯವರ ಮಾತು ಕೇಳಿಸಿಕೊಳ್ಳುತ್ತಿದ್ದರೆ ಅಲ್ಲಿ ಪಾಠ ನಡೆಯುತ್ತಿದೆ ಎಂದು ತಿಳಿ. ಹತ್ತು ಮಕ್ಕಳೂ ಒಂದೇ ಏರಿಳಿತದಲ್ಲಿ ಮಾತಾಡುತ್ತಿದ್ದರೆ ಅದು ಮೇಷ್ಟರ ದನಿ, ಮಕ್ಕಳದಲ್ಲ. ಅಲ್ಲಿಗೆ ಹೋದರೆ ನಿನ್ನ ದನಿಯೂ ಹೋಗುತ್ತದೆ. ನಾಟಕ ಮುಗಿದ ಕೂಡಲೇ ಎದ್ದು ಬರಬೇಡ. ಸೆಟ್ಟು ಬಿಚ್ಚುವವರು ಯಾರು, ವೇಷಭೂಷಣ ಮಡಚಿಡುವವರು ಯಾರು, ಅಂದು ತಪ್ಪಿದವರ ಜೊತೆ ಮೇಷ್ಟರು ಹೇಗೆ ಮಾತಾಡುತ್ತಾರೆ, ನೋಡು. ಅಲ್ಲಿಯ ಹುಡುಗಿಯರನ್ನು ಪಕ್ಕಕ್ಕೆ ಕರೆದು ಕೇಳು: ತಾಲೀಮು ಎಷ್ಟು ಹೊತ್ತಿಗೆ ಮುಗಿಯುತ್ತದೆ, ಉಳಿಯುವ ಜಾಗ ಎಷ್ಟು ದೂರ, ಯಾರಾದರೂ ಕೆಟ್ಟದಾಗಿ ನಡೆದುಕೊಂಡರೆ ಯಾರಿಗೆ ಹೇಳುತ್ತೀರಿ? ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಆಂತರಿಕ ದೂರು ಸಮಿತಿ ಇರಲೇಬೇಕೆಂದು 2013ರ ಕಾನೂನು ಹೇಳುತ್ತದೆ. "ನಾವೆಲ್ಲ ಒಂದೇ ಮನೆಯವರು, ಅದೆಲ್ಲ ಯಾಕೆ" ಎಂದವರ ಮಾತನ್ನು ನಂಬಬೇಡ. ಒಳ್ಳೆಯ ಮನೆಯಲ್ಲೂ ಬಾಗಿಲಿಗೆ ಚಿಲಕ ಇರುತ್ತದೆ.

ಇನ್ನೆರಡು ಪ್ರಶ್ನೆ ಕೇಳಲು ಸಂಕೋಚಪಡಬೇಡ. ವರ್ಷಕ್ಕೆ ಎಷ್ಟು ಸಲ ಅಪರಿಚಿತರ ಮುಂದೆ ಆಡಿಸುತ್ತೀರಿ? ಹೋದ ವರ್ಷ ಕಲಿತು ಹೋದವರು ಈಗ ಏನು ಮಾಡುತ್ತಿದ್ದಾರೆ? ಒಬ್ಬಳು ಶಾಲೆಯಲ್ಲಿ ನಾಟಕ ಕಲಿಸುತ್ತಿರಬಹುದು, ಒಬ್ಬ ಬೆಳಕಿನ ವಿನ್ಯಾಸ ಮಾಡುತ್ತಿರಬಹುದು, ಇನ್ನೊಬ್ಬರು ಧಾರಾವಾಹಿಯಲ್ಲಿರಬಹುದು. ಎಲ್ಲವೂ ಮರ್ಯಾದೆಯ ದುಡಿಮೆಯೇ. ಸಿನಿಮಾಕ್ಕೆ ಹೋದ ಒಬ್ಬರ ಫೋಟೋ ತೋರಿಸಿ ಉಳಿದವರ ಸುದ್ದಿ ಎತ್ತದಿದ್ದರೆ, ಉಳಿದವರನ್ನು ನೀನೇ ಹುಡುಕಿ ಮಾತಾಡಿಸು.

ಪರೀಕ್ಷೆ ಮುಗಿಸು, ಡಿಗ್ರಿ ಕೈಗೆ ಬರಲಿ. ಅದನ್ನು ಬಿಟ್ಟು ಹೊರಡುವ ಮಾತು ಬೇಡ. ಅಕ್ಟೋಬರಿನಲ್ಲಿ ಹೆಗ್ಗೋಡಿನ ಸಂಸ್ಕೃತಿ ಶಿಬಿರದ ಹೊತ್ತಿಗೆ ತಿರುಗಾಟದ ಹೊಸ ನಾಟಕಗಳನ್ನು ಆಡುತ್ತಾರೆ, ಅಲ್ಲಿಗೆ ನಾನು ಜೊತೆಗೆ ಬರುತ್ತೇನೆ. ಗಚ್ಚಿಬೌಲಿಯ ವಿದ್ಯಾರ್ಥಿಗಳ ನಾಟಕಕ್ಕೆ ನೀನು ಇಲ್ಲಿಗೆ ಬಾ, ಕಾಚಿಗುಡ ಸ್ಟೇಷನ್ನಿಗೆ ಬಂದು ಕರೆದುಕೊಂಡು ಬರುತ್ತೇನೆ. ನಿನ್ನ ಹೆಸರಿನಲ್ಲಿ ನಾನಿಟ್ಟ ಡಿಪಾಜಿಟ್ಟು ಈ ವರ್ಷ ಕೈಗೆ ಬರುತ್ತದೆ. ಅದು ನಿನ್ನ ಮದುವೆಗೆಂದು ಇಟ್ಟದ್ದು. ಈಗ ನೀನು ಆರಿಸಿದ ಶಾಲೆಗೆ ಹೋಗಲಿ, ನಾನೇ ನಿಮ್ಮಪ್ಪನಿಗೆ ಹೇಳುತ್ತೇನೆ.

ಒಂದು ಕೆಲಸ ಮಾತ್ರ ಮಾಡು. ನೀನು ಮೆಚ್ಚಿದ ಶಾಲೆಯ ನಾಟಕಕ್ಕೆ ನಿಮ್ಮಪ್ಪನನ್ನೂ ಕರೆದುಕೊಂಡು ಹೋಗು. ಎಷ್ಟು ವಾದ ಮಾಡಿದರೂ ಅವನಿಗೆ ಧೈರ್ಯ ಬರದು. ನಿನ್ನ ವಯಸ್ಸಿನ ಹುಡುಗಿಯೊಬ್ಬಳು ರಂಗದ ಮೇಲೆ ಗಟ್ಟಿಯಾಗಿ ನಿಂತು ಮಾತಾಡುವುದನ್ನು ಕಣ್ಣಾರೆ ನೋಡಿದರೆ ಬಂದೀತು. ನೋಡಿ ಬಂದ ಮೇಲೆ ಇಬ್ಬರೂ ನನಗೆ ಬೇರೆ ಬೇರೆ ಕಾಗದ ಬರೆಯಿರಿ. ಅವನಿಗೆ ಏನನ್ನಿಸಿತು, ನಿನಗೆ ಏನನ್ನಿಸಿತು, ಎರಡನ್ನೂ ಓದಿ ಮೂವರೂ ಕೂತು ತೀರ್ಮಾನಿಸೋಣ.

ನಿಮ್ಮವ್ವನಿಗೆ ನನ್ನ ನೆನಪು ಹೇಳು. ಹೊತ್ತಿಗೆ ಸರಿಯಾಗಿ ಊಟ ಮಾಡು.

ಇತಿ,
ನಿನ್ನ ಹೈದರಾಬಾದಿನ ಅತ್ತೆ