ಬೆಳಕು ನೋಡಿ, ಆಮೇಲೆ ಕ್ಲಿಕ್ ಮಾಡಿ

ಈ ಸಲ ಪತ್ರಿಕೆಗೆ ಫೋಟೋಗ್ರಫಿ ಬಗ್ಗೆ ಒಂದು ಪಾಠ ಬರಿ ಅಂದಾಗ, ಮೊದಲು ಕ್ಯಾಮೆರಾಗಳ ಬಗ್ಗೆ ಬರೆಯೋಣ ಅಂದುಕೊಂಡೆ. ಆದರೆ ನಮ್ಮಲ್ಲಿ ಹೆಚ್ಚಿನವರ ಹತ್ತಿರ ಇರೋದು ಮೊಬೈಲ್. ಅದರ ಲೆನ್ಸ್ ಬದಲಾಯಿಸೋಕೆ ಆಗಲ್ಲ, ಸೆನ್ಸರ್ ದೊಡ್ಡದು ಮಾಡೋಕೆ ಆಗಲ್ಲ. ನಮ್ಮ ಕೈಲಿ ಬದಲಾಯಿಸೋಕೆ ಆಗೋದು ಬೆಳಕು ಮಾತ್ರ. ಅದಕ್ಕೆ ದುಡ್ಡೂ ಬೇಕಿಲ್ಲ. ಹಾಸ್ಟೆಲ್ ರೂಮು, ಒಂದು ಕಿಟಕಿ, ಒಂದು ಡ್ರಾಯಿಂಗ್ ಶೀಟ್, ಕೂತ್ಕೊಳ್ಳೋಕೆ ಒಬ್ಬ ಫ್ರೆಂಡ್ ಇದ್ದರೆ ಈ ಪಾಠಕ್ಕೆ ಸಾಕು.

ಶುರು ಮಾಡೋ ಮುಂಚೆ ಒಂದು ತಪ್ಪೊಪ್ಪಿಗೆ ಇದೆ.

ಹೋದ ವರ್ಷ ರಾಜ್ಯೋತ್ಸವದ ದಿನ ಸ್ಟೇಜ್ ಮೇಲೆ ನಮ್ಮ ಬ್ಯಾಚಿನ ಗ್ರೂಪ್ ಫೋಟೋ ತೆಗೆದವನು ನಾನೇ. ಹಿಂದೆ ಬಿಳಿ ಬ್ಯಾನರ್, ಅದರ ಮೇಲೆ ಜೋರು ಲೈಟು. ಫೋಟೋದಲ್ಲಿ ಬ್ಯಾನರ್ ತುಂಬ ಚೆನ್ನಾಗಿ ಬಂತು. ಹಿಂದಿನ ಸಾಲಲ್ಲಿ ನಿಂತಿದ್ದ ನನ್ನ ರೂಮ್‌ಮೇಟ್ ಮಾತ್ರ ನೆರಳಿನ ಹಾಗೆ ಬಂದ. ಅವನ ಮೈಬಣ್ಣ ನಮ್ಮೆಲ್ಲರಿಗಿಂತ ಕಪ್ಪು. ಕ್ಲಾಸ್ ಗ್ರೂಪಲ್ಲಿ ಯಾರೋ "ಹಲ್ಲು ಮಾತ್ರ ಕಾಣ್ತಿದೆ" ಅಂತ ಹಾಕಿದರು. ಕೆಳಗೆ ಸಾಲಾಗಿ ನಗೋ ಇಮೋಜಿಗಳು. ಅದರಲ್ಲಿ ಒಂದು ನನ್ನದು.

ಅವನು ಏನೂ ಹೇಳಲಿಲ್ಲ. ಆದರೆ ಆಮೇಲಿಂದ ಯಾರಾದರೂ ಫೋಟೋ ಅಂದರೆ ಸಾಕು, "ನಾ ಫೋಟೋದಾಗ ಚಲೋ ಬರಂಗಿಲ್ಲ, ನೀವು ನಿಂದರ್ರಿ, ನಾ ತಗೀತೀನಿ" ಅಂತ ಫೋನ್ ಇಸ್ಕೊಂಡು ಈ ಕಡೆ ಬಂದುಬಿಡ್ತಿದ್ದ. ಆ ಫೋಟೋ ಕೆಟ್ಟಿದ್ದು ನನ್ನಿಂದ. ಯಾಕೆ ಕೆಟ್ಟಿತು ಅಂತ ಅರ್ಥ ಆಗೋಕೆ ನನಗೆ ಆರು ತಿಂಗಳು ಬೇಕಾಯ್ತು. ನಿಮಗೆ ಅಷ್ಟು ದಿನ ಬೇಡ, ಹತ್ತು ನಿಮಿಷ ಸಾಕು.

1. ಫೋನ್ ಹಾಕೋ ಲೆಕ್ಕ

ಎದುರಿಗೆ ಇರೋ ವಸ್ತು ಬಿಳಿಯೋ ಕಪ್ಪೋ ಅಂತ ಕ್ಯಾಮೆರಾಗೆ ನೇರವಾಗಿ ಗೊತ್ತಾಗಲ್ಲ. ಎಷ್ಟು ಬೆಳಕು ವಾಪಸ್ ಬರ್ತಿದೆ ಅನ್ನೋದನ್ನು ಮಾತ್ರ ಅದು ಅಳೆಯುತ್ತೆ. ಅಳೆದು, ಒಟ್ಟು ಚಿತ್ರ ಒಂದು ಮಧ್ಯಮ ಬೂದು ಬಣ್ಣದ ಮಟ್ಟಕ್ಕೆ ಬರೋ ಹಾಗೆ ಎಕ್ಸ್‌ಪೋಶರ್ ಇಡುತ್ತೆ. ಹಳೇ ಫಿಲ್ಮ್ ಕಾಲದಿಂದ ಇದಕ್ಕೆ ಬಳಸ್ತಿರೋ ಅಳತೆ 18% ಬೆಳಕನ್ನು ಪ್ರತಿಫಲಿಸೋ ಬೂದು ಕಾರ್ಡು.

ಈಗ ಫ್ರೇಮಿನ ಮುಕ್ಕಾಲು ಭಾಗ ಬಿಳಿ ಬ್ಯಾನರ್ ಇದ್ದರೆ? "ಅಯ್ಯೋ, ಬೆಳಕು ಜಾಸ್ತಿ ಆಯ್ತು" ಅಂತ ಫೋನ್ ಎಲ್ಲವನ್ನೂ ಕಪ್ಪು ಮಾಡುತ್ತೆ. ಬ್ಯಾನರ್ ಬೂದಾಗುತ್ತೆ, ಮುಖಗಳು ಕತ್ತಲಾಗುತ್ತವೆ. ಈಗಿನ ಫೋನ್‌ಗಳು ಮುಖ ಹುಡುಕುತ್ತವೆ, ಎಚ್‌ಡಿಆರ್ ಮಾಡಿ ಹಲವು ಫೋಟೋ ಸೇರಿಸುತ್ತವೆ ನಿಜ. ಆದರೂ ಹಿಂದಿನ ಸಾಲಿನ ಚಿಕ್ಕ ಮುಖ ಮತ್ತು ಹಿಂದಿನಿಂದ ಜೋರು ಬೆಳಕು ಇದ್ದರೆ ಎಡವುತ್ತವೆ.

ಪರಿಹಾರ ಸುಲಭ. ಮುಖದ ಮೇಲೆ ಬೆರಳು ಒತ್ತಿ. ಪಕ್ಕದಲ್ಲಿ ಬರೋ ಸೂರ್ಯನ ಗುರುತನ್ನು ಮೇಲೆ ಎಳೆಯಿರಿ. ಪ್ರೊ ಮೋಡ್ ಇದ್ದರೆ +1 ಇಡಿ. +1 ಅಂದರೆ ಒಂದು ಸ್ಟಾಪ್, ಅಂದರೆ ಎರಡು ಪಟ್ಟು ಬೆಳಕು. +2 ಅಂದರೆ ನಾಲ್ಕು ಪಟ್ಟು. ಬ್ಯಾನರ್ ಪೂರ್ತಿ ಬಿಳುಚಿಕೊಂಡರೆ ಬಿಳುಚಿಕೊಳ್ಳಲಿ, ನಮಗೆ ಬೇಕಾಗಿದ್ದು ಮುಖ.

ಇಲ್ಲಿ ಒಂದು ಹಳೇ ಕಥೆ ಗೊತ್ತಿರಬೇಕು. ಫಿಲ್ಮ್ ಕಾಲದಲ್ಲಿ ಲ್ಯಾಬ್‌ಗಳು ಕಲರ್ ಪ್ರಿಂಟ್ ಸರಿಯಾಗಿದೆಯಾ ಅಂತ ನೋಡೋಕೆ ಕೊಡ್ಯಾಕ್ ಕಂಪನಿಯ ಒಂದು ಕಾರ್ಡು ಬಳಸ್ತಿದ್ದರು. ಅದರಲ್ಲಿ ಒಬ್ಬ ಬಿಳಿಯ ಮಹಿಳೆಯ ಚಿತ್ರ. ಅದಕ್ಕೆ 'ಶೆರ್ಲಿ ಕಾರ್ಡ್' ಅಂತಲೇ ಹೆಸರು ಬಿತ್ತು. ಅವಳ ಚರ್ಮ ಸರಿಯಾಗಿ ಬಂದರೆ ಎಲ್ಲ ಸರಿ ಅಂತ ಲೆಕ್ಕ. ಬೇರೆ ಬೇರೆ ಬಣ್ಣದ ಮುಖಗಳಿರೋ ಕಾರ್ಡ್ ಬಂದಿದ್ದು 1990ರ ದಶಕದಲ್ಲಿ. ಅಂದರೆ 'ಫೋಟೋದಲ್ಲಿ ಚೆನ್ನಾಗಿ ಬರಲ್ಲ' ಅನ್ನೋ ಮಾತಿನಲ್ಲಿ ಎಷ್ಟೋ ಸಲ ಮುಖದ ಪಾಲು ಕಮ್ಮಿ, ಉಪಕರಣದ ಪಾಲು ಜಾಸ್ತಿ. ಹಾಗಂತ ಬ್ಯೂಟಿ ಮೋಡ್ ಹಾಕಿ ಬೆಳ್ಳಗೆ ಮಾಡೋದು ಪರಿಹಾರ ಅಲ್ಲ. ಅದು ಮುಖವನ್ನೇ ಬೇರೆ ಮಾಡುತ್ತೆ. ದಯವಿಟ್ಟು ಆಫ್ ಮಾಡಿ.

2. ಬೆಳಕಿನ ಸೈಜು

ಗಟ್ಟಿ ಬೆಳಕು, ಮೃದು ಬೆಳಕು ಅಂತ ಫೋಟೋಗ್ರಾಫರ್‌ಗಳು ಹೇಳ್ತಿರ್ತಾರೆ. ಇದರ ಹಿಂದೆ ಇರೋದು ಬರೀ ಜ್ಯಾಮಿತಿ. ಬೆಳಕಿನ ಮೂಲ ನಿಮ್ಮ ಫ್ರೆಂಡ್ ಮುಖಕ್ಕೆ ಎಷ್ಟು ದೊಡ್ಡದಾಗಿ ಕಾಣುತ್ತೆ ಅನ್ನೋದೇ ಮುಖ್ಯ.

ಸೂರ್ಯನ ವ್ಯಾಸ ಸುಮಾರು 14 ಲಕ್ಷ ಕಿಲೋಮೀಟರ್. ಆದರೆ ಅದು 15 ಕೋಟಿ ಕಿಲೋಮೀಟರ್ ದೂರ ಇರೋದರಿಂದ ನಮಗೆ ಅರ್ಧ ಡಿಗ್ರಿಯಷ್ಟೇ ಕಾಣುತ್ತೆ. ಹಾಗಾಗಿ ಮಧ್ಯಾಹ್ನದ ಬಿಸಿಲಲ್ಲಿ ನೆರಳಿನ ಅಂಚು ಚಾಕುವಿನಿಂದ ಕೊಯ್ದ ಹಾಗೆ ಇರುತ್ತೆ, ಕಣ್ಣಿನ ಕೆಳಗೆ ಕಪ್ಪು ಗುಂಡಿ ಬೀಳುತ್ತೆ. ಮೋಡ ಕವಿದರೆ ಇಡೀ ಆಕಾಶವೇ ಬೆಳಕಿನ ಮೂಲ ಆಗುತ್ತೆ, ನೆರಳು ಕರಗುತ್ತೆ. ಫೋನ್ ಫ್ಲ್ಯಾಶ್ ಕೆಲವೇ ಮಿಲಿಮೀಟರ್ ಇರೋ ಎಲ್‌ಇಡಿ, ಅದೂ ಲೆನ್ಸ್ ಪಕ್ಕದಲ್ಲೇ ಇದೆ. ಅದಕ್ಕೇ ಮುಖ ಎಣ್ಣೆ ಹಚ್ಚಿದ ಹಾಗೆ ಹೊಳೆಯುತ್ತೆ, ಹಿಂದಿನ ಗೋಡೆ ಮೇಲೆ ಗಟ್ಟಿ ನೆರಳು ಬೀಳುತ್ತೆ.

ನಾಲ್ಕು ಅಡಿ ಅಗಲದ ಕಿಟಕಿ ಪಕ್ಕ ಮೂರು ಅಡಿ ದೂರದಲ್ಲಿ ಕೂತರೆ, ಆ ಕಿಟಕಿ ಮುಖಕ್ಕೆ ಸೂರ್ಯನಿಗಿಂತ ನೂರಾರು ಪಟ್ಟು ದೊಡ್ಡದಾಗಿ ಕಾಣೋ ದೀಪ. ಹತ್ತು ಅಡಿ ದೂರ ಹೋದರೆ ಅದೇ ಕಿಟಕಿ ಚಿಕ್ಕದಾಯ್ತು, ಬೆಳಕು ಗಟ್ಟಿಯಾಯ್ತು. ಕಿಟಕಿಗೆ ನೇರ ಬಿಸಿಲು ಬೀಳ್ತಿದ್ದರೆ ಬಿಳಿ ಪಂಚೆ ಕಟ್ಟಿ. ಆಗ ಪಂಚೆಯೇ ಬೆಳಕಿನ ಮೂಲ.

3. ದೂರ

ಇನ್ವರ್ಸ್ ಸ್ಕ್ವೇರ್ ಲಾ ಪಿಯುಸಿಯಲ್ಲಿ ಬರೆದು ಮಾರ್ಕ್ಸ್ ತಗೊಂಡಿದ್ದೀವಿ. ದೂರ ಎರಡು ಪಟ್ಟಾದರೆ ಬೆಳಕು ಕಾಲು ಭಾಗ, ಮೂರು ಪಟ್ಟಾದರೆ ಒಂಬತ್ತನೇ ಒಂದು ಭಾಗ. ಕಿಟಕಿ ಪಾಯಿಂಟ್ ಸೋರ್ಸ್ ಅಲ್ಲ, ಹತ್ತಿರದಲ್ಲಿ ಈ ಲೆಕ್ಕ ಕರಾರುವಾಕ್ಕಾಗಿ ಕೂರಲ್ಲ. ಆದರೂ ಉಪಯೋಗ ಇದೆ: ಮುಖ ಕಿಟಕಿಗೆ ಹತ್ತಿರ, ಹಿಂದಿನ ಗೋಡೆ ದೂರ ಇದ್ದರೆ ಗೋಡೆ ತಾನಾಗೇ ಕತ್ತಲಾಗುತ್ತೆ. ನೇತುಹಾಕಿರೋ ಟವಲ್, ಬಕೆಟ್, ಕ್ಯಾಲೆಂಡರ್ ಎಲ್ಲ ಮಾಯ. ಹಾಸ್ಟೆಲ್ ರೂಮು ಸ್ಟುಡಿಯೋ ಆಗೋದು ಹೀಗೆ.

4. ದಿಕ್ಕು

ಫ್ರೆಂಡ್‌ನ ಒಂದು ಕುರ್ಚಿ ಮೇಲೆ ಕೂರಿಸಿ, ಕುರ್ಚಿಯನ್ನು ನಿಧಾನಕ್ಕೆ ತಿರುಗಿಸಿ ನೋಡಿ. ಕಿಟಕಿಗೆ ನೇರ ಮುಖ ಮಾಡಿದರೆ ಮುಖ ಚಪ್ಪಟೆ, ಪಾಸ್‌ಪೋರ್ಟ್ ಫೋಟೋ ತರ. ಪೂರ್ತಿ ಪಕ್ಕಕ್ಕೆ ತಿರುಗಿಸಿದರೆ ಅರ್ಧ ಮುಖ ಬೆಳಕು, ಅರ್ಧ ಕತ್ತಲು. ಸುಮಾರು 45 ಡಿಗ್ರಿಯಲ್ಲಿ ಕತ್ತಲ ಕಡೆಯ ಕೆನ್ನೆ ಮೇಲೆ ಒಂದು ಚಿಕ್ಕ ತ್ರಿಕೋನ ಬೆಳಕು ಬೀಳುತ್ತೆ. ಡಚ್ ಚಿತ್ರಕಾರ ರೆಂಬ್ರಾಂಟ್ ಹೆಸರಿನಲ್ಲಿ ಅದನ್ನು ಕರೀತಾರೆ. ಕತ್ತಲು ಜಾಸ್ತಿ ಅನ್ನಿಸಿದರೆ ಆ ಕಡೆ ಡ್ರಾಯಿಂಗ್ ಶೀಟ್ ಹಿಡೀರಿ. ಹತ್ತಿರ ತಂದಂಗೆ ನೆರಳು ತಿಳಿಯಾಗೋದು ಕಣ್ಣಿಗೇ ಕಾಣುತ್ತೆ.

ಯುರೋಪಿನ ಚಿತ್ರಕಾರರು ಉತ್ತರದ ಕಿಟಕಿ ಒಳ್ಳೇದು, ಅಲ್ಲಿ ನೇರ ಬಿಸಿಲು ಬರಲ್ಲ ಅಂತಿದ್ದರು. ನಮ್ಮೂರಲ್ಲಿ ಅದು ವರ್ಷಪೂರ್ತಿ ನಿಜ ಅಲ್ಲ. ಬೆಂಗಳೂರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ನಡುಮಧ್ಯಾಹ್ನದ ಸೂರ್ಯ ನಮ್ಮ ಉತ್ತರಕ್ಕೇ ಇರ್ತಾನೆ. ಹಾಗಾಗಿ ಯೂಟ್ಯೂಬ್ ನೋಡಿ ನಂಬೋ ಮುಂಚೆ ಕಿಟಕಿ ಹತ್ತಿರ ಹೋಗಿ ನೋಡಿ. ಸಂಜೆಯ ಹೊನ್ನಿನ ಬೆಳಕೂ ಅಷ್ಟೇ. ನಮ್ಮಲ್ಲಿ ಸೂರ್ಯ ಹೆಚ್ಚುಕಡಿಮೆ ನೆಟ್ಟಗೆ ಇಳೀತಾನೆ. ದಿಗಂತದಿಂದ 6 ಡಿಗ್ರಿ ಮೇಲಿದ್ದವನು ಮುಳುಗೋಕೆ ಸುಮಾರು 25 ನಿಮಿಷ. ಕ್ಯಾಂಟೀನಲ್ಲಿ ಟೀ ಕುಡಿದು ಬರ್ತೀನಿ ಅಂದರೆ ಮುಗೀತು.

5. ಬಣ್ಣ ಮತ್ತು ಪಟ್ಟೆ

ಮೇಣದಬತ್ತಿ ಸುಮಾರು 1900 ಕೆಲ್ವಿನ್, ಹಳೇ ಬಲ್ಬು 2700, ಮಧ್ಯಾಹ್ನದ ಬಿಸಿಲು 5500, ನಮ್ಮ ರೂಮಿನ ಟ್ಯೂಬ್‌ಲೈಟ್ 6500. ಎರಡು ಬೇರೆ ಬೆಳಕು ಒಂದೇ ಮುಖದ ಮೇಲೆ ಬಿದ್ದರೆ ಒಂದು ಕೆನ್ನೆ ಕಿತ್ತಳೆ, ಇನ್ನೊಂದು ನೀಲಿ. ಫೋನಿನ ವೈಟ್ ಬ್ಯಾಲೆನ್ಸ್ ಒಂದನ್ನು ಸರಿ ಮಾಡಬಹುದು, ಎರಡನ್ನೂ ಅಲ್ಲ. ಕಿಟಕಿ ಬೆಳಕು ಬೇಕಾದರೆ ರೂಮಿನ ಲೈಟ್ ಆರಿಸಿ.

ಲೈಟ್ ಕೆಳಗೆ ತೆಗೆದಾಗ ಫೋಟೋದಲ್ಲಿ ಅಡ್ಡ ಪಟ್ಟೆ ಬಂದರೆ ಫೋನ್ ಹಾಳಾಗಿಲ್ಲ. ನಮ್ಮ ಕರೆಂಟ್ 50 ಹರ್ಟ್ಜ್, ಹಾಗಾಗಿ ಕೆಲವು ಲೈಟ್‌ಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಸೆನ್ಸರ್ ಸಾಲು ಸಾಲಾಗಿ ಓದೋದರಿಂದ ಆ ಮಿನುಗು ಪಟ್ಟೆಯಾಗುತ್ತೆ. ಶಟರ್ 1/100 ಅಥವಾ 1/50 ಇಡಿ, ಪಟ್ಟೆ ಹೋಗುತ್ತೆ.

6. ಕನ್ನಡಿ ಹಿಡಿದ ಮೈಸೂರಿನವರು

ಬೆಳಕನ್ನು ಕೈಯಲ್ಲಿ ಹಿಡಿದು ತಿರುಗಿಸಬಹುದು ಅಂತ ತೋರಿಸಿದವರು ವಿ. ಕೆ. ಮೂರ್ತಿ. 1923ರಲ್ಲಿ ಮೈಸೂರಲ್ಲಿ ಹುಟ್ಟಿದರು. ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಸಿನಿಮಾಟೋಗ್ರಫಿ ಓದಿದರು, ಅಂದರೆ ನಮ್ಮ ಹಾಗೆ ತಾಂತ್ರಿಕ ಕಾಲೇಜಿನವರೇ. ಗುರುದತ್ ಅವರ 1959ರ 'ಕಾಗಜ್ ಕೆ ಫೂಲ್' ಸಿನಿಮಾದಲ್ಲಿ ಖಾಲಿ ಸ್ಟುಡಿಯೋದ ಕತ್ತಲಲ್ಲಿ ಮೇಲಿಂದ ಒಂದು ದೊಡ್ಡ ಬೆಳಕಿನ ಕೋಲು ಇಳಿಯುತ್ತೆ. ಅದು ದೊಡ್ಡ ಲೈಟ್ ಅಲ್ಲ, ಬಿಸಿಲು. ಹೊರಗೆ ಒಂದು ಕನ್ನಡಿ ಇಟ್ಟು ಬಿಸಿಲನ್ನು ಒಳಗೆ ಕಳಿಸಿ, ಒಳಗೆ ಇನ್ನೊಂದು ಕನ್ನಡಿಯಿಂದ ಬೇಕಾದ ಕಡೆ ತಿರುಗಿಸಿದರು. ಸೂರ್ಯನ ಕಿರಣಗಳು ಹೆಚ್ಚುಕಡಿಮೆ ಸಮಾನಾಂತರ, ಲ್ಯಾಂಪಿನ ಬೆಳಕಿನ ಹಾಗೆ ಹರಡಲ್ಲ. ಅದಕ್ಕೇ ಆ ಕೋಲು ಅಷ್ಟು ನೇರ. 2008ರ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಅವರಿಗೆ ಬಂತು.

ನಾವು ಶೇವಿಂಗ್ ಕನ್ನಡಿಯಲ್ಲಿ ಪ್ರಯತ್ನಿಸಿದೆವು. ಬೆಳಕು ಕಣ್ಣಿಗೆ ಚುಚ್ಚಿತು. ಮೆಸ್ಸಿನ ಸ್ಟೀಲ್ ತಟ್ಟೆ ಹಿಡಿದಾಗ ಗೋಡೆ ಮೇಲೆ ನೀರಿನ ಅಲೆ ತರ ಬೆಳಕು ಬಂತು. ಯಾರ ಕಣ್ಣಿಗೂ ನೇರವಾಗಿ ಬಿಡಬೇಡಿ, ಗೋಡೆಗೆ ಬಿಡಿ. ತುಂಬ ಚಂದ ಕಾಣುತ್ತೆ.

7. ಆ ಒಂದು ಫೋಟೋ

ಮೇ ತಿಂಗಳ ಒಂದು ಭಾನುವಾರ ರೂಮ್‌ಮೇಟ್‌ನ ಒಪ್ಪಿಸಿದೆ. ನಮ್ಮ ಕಿಟಕಿ ಪೂರ್ವಕ್ಕಿದೆ. ಮಧ್ಯಾಹ್ನ ಮೂರರ ಮೇಲೆ ಬರೀ ಆಕಾಶದ ಬೆಳಕು. ಟ್ಯೂಬ್‌ಲೈಟ್ ಆರಿಸಿದೆ. ಹಿಂದೆ ಕಡು ನೀಲಿ ಬೆಡ್‌ಶೀಟ್, ಎಡಕ್ಕೆ ಕಿಟಕಿ, ಬಲಕ್ಕೆ ಡ್ರಾಯಿಂಗ್ ಶೀಟ್. ಹತ್ತಿರದಿಂದ ತೆಗೆದರೆ ಮೂಗು ದೊಡ್ಡದಾಗಿ ಬರುತ್ತೆ ಅಂತ ದೂರ ನಿಂತು 2ಎಕ್ಸ್ ಹಾಕಿದೆ.

ಮೊದಲ ಹತ್ತು ಫೋಟೋ ಕೆಟ್ಟವು. ಅವನ ಮುಖ ಬೂದಿ ಬಳಿದ ಹಾಗೆ ಬಂತು. ಆಗ ನೆನಪಾಯ್ತು: ಈಗ ಹಿಂದೆ ಇರೋದು ಕಪ್ಪು, ಹಾಗಾಗಿ ಫೋನ್ ಉಲ್ಟಾ ತಪ್ಪು ಮಾಡ್ತಿದೆ, ಎಲ್ಲವನ್ನೂ ಬೆಳ್ಳಗೆ ಮಾಡ್ತಿದೆ. ಎಕ್ಸ್‌ಪೋಶರ್ ಅರ್ಧ ಸ್ಟಾಪಿಗಿಂತ ಸ್ವಲ್ಪ ಜಾಸ್ತಿ ಕೆಳಗೆ ಎಳೆದೆ. ಅವನ ಬಣ್ಣ ಅವನದ್ದಾಯ್ತು. ಕೆನ್ನೆ ಮೂಳೆ ಮೇಲೆ, ಹಣೆ ಮೇಲೆ, ಮೂಗಿನ ಗೆರೆ ಮೇಲೆ ಕಿಟಕಿಯ ಬೆಳಕು ಉದ್ದಕ್ಕೆ ಹೊಳೀತು. ಕಪ್ಪು ಚರ್ಮದಲ್ಲಿ ಮುಖದ ಆಕಾರ ಹೇಳೋದು ಈ ಹೊಳಪು. ದೊಡ್ಡ ಬೆಳಕು ಪಕ್ಕದಿಂದ ಬಂದರೆ ಹೊಳಪು ಮೆತ್ತಗೆ ಹರಡುತ್ತೆ. ಊರಿನ ಜೋಳದ ಹೊಲದ ಸುದ್ದಿ ತೆಗೆದೆ, ಅವನು ನಕ್ಕ, ನಾನು ಒತ್ತಿದೆ.

ಫೋನ್ ಇಸ್ಕೊಂಡು ತುಂಬ ಹೊತ್ತು ನೋಡಿದ. ಜೂಮ್ ಮಾಡಿ ನೋಡಿದ. "ಲೇ, ಇದು ನಾನ ಏನಲೇ?" ಅಂದ. ಆಮೇಲೆ, "ನಮ್ಮವ್ವಗ ಕಳಸ್ತೀನಿ" ಅಂದ. ಆ ಇಮೋಜಿಗೆ ಅವತ್ತೇ ಸಾರಿ ಕೇಳಿದೆ. "ಅದಿರ್ಲಿ ಬಿಡು, ಮೊದ್ಲ ಆ ಗ್ರೂಪ್ ಫೋಟೋ ಡಿಲೀಟ್ ಮಾಡು" ಅಂದ. ಮಾಡಿದೆ. ಇದೆಲ್ಲವನ್ನೂ ಅವನನ್ನು ಕೇಳಿಯೇ ಬರೆದಿದ್ದೇನೆ.

ಮನೆಗೆಲಸ

ಈ ವಾರ ಮೂರು ಕೆಲಸ ಮಾಡಿ. ಒಂದು, ಒಂದೇ ಮುಖ, ಒಂದೇ ಕಿಟಕಿ, ನಾಲ್ಕು ದಿಕ್ಕು: ನಾಲ್ಕು ಫೋಟೋ ತೆಗೆದು ಪಕ್ಕ ಪಕ್ಕ ಇಟ್ಟು ನೋಡಿ. ಎರಡು, ಅದೇ ಮುಖವನ್ನು ಬಿಳಿ ಗೋಡೆ ಮುಂದೆ ಮತ್ತು ಕಪ್ಪು ಬಟ್ಟೆ ಮುಂದೆ ಆಟೋದಲ್ಲಿ ತೆಗೆದು, ಫೋನ್ ಎರಡು ಕಡೆ ಎಷ್ಟು ತಪ್ಪುತ್ತೆ ಗಮನಿಸಿ, ಕೈಯಿಂದ ಸರಿ ಮಾಡಿ. ಮೂರು, ನಿಮ್ಮ ವಿಂಗ್‌ನಲ್ಲಿ ಯಾವಾಗಲೂ "ನಾನು ತೆಗೀತೀನಿ, ನೀವು ನಿಂತ್ಕೊಳ್ಳಿ" ಅನ್ನೋ ಒಬ್ಬರು ಇದ್ದೇ ಇರ್ತಾರೆ. ಅವರನ್ನು ಹುಡುಕಿ, ಕೇಳಿ, ಕಿಟಕಿ ಪಕ್ಕ ಕೂರಿಸಿ.