ಸುಸ್ತು ಹೋಗದಿದ್ದರೆ ಮಾತ್ರೆ ಬದಲಿಸಬೇಕೇ?

ರುಮಟಾಯ್ಡ್ ಆರ್ಥ್ರೈಟಿಸ್ ಎಂದರೆ ವಯಸ್ಸಾದವರ ಮೊಣಕಾಲು ಸವೆತವಲ್ಲ. ನಮ್ಮನ್ನು ಕಾಯಬೇಕಾದ ರೋಗನಿರೋಧಕ ಶಕ್ತಿಯೇ ಕೀಲುಗಳ ಒಳಪದರದ ಮೇಲೆ ತಿರುಗಿಬೀಳುವ ಕಾಯಿಲೆ ಅದು. ಮಹಿಳೆಯರಲ್ಲೇ ಹೆಚ್ಚು. ನಮ್ಮ ಅಮ್ಮಿಗೂ ಇದೆ. ಈಗ ಊತ ಇಳಿದಿದೆ, ಬೆಳಿಗ್ಗೆ ಬೆರಳು ಮಡಚಲು ಬರುತ್ತದೆ, ಆದರೆ ಸುಸ್ತು ಮಾತ್ರ ಹೋಗಿಲ್ಲ. "ಗೋಲಿ ಹಿಡಿಸಿಲ್ಲ, ಬೇರೆ ಕೇಳಿ" ಎಂದು ಮನೆಗೆ ಬಂದವರೆಲ್ಲ ಹೇಳುತ್ತಾರೆ. ಅದು ಸರಿಯೇ ಎಂದು ನೋಡೋಣ.

ಈ ರೋಗಕ್ಕೆ ಸಾಮಾನ್ಯವಾಗಿ ಮೊದಲು ಕೊಡುವುದು ಮೆಥೋಟ್ರೆಕ್ಸೇಟ್. ವಾರಕ್ಕೆ ಒಂದೇ ದಿನ ತೆಗೆದುಕೊಳ್ಳಬೇಕು. ದಿನವೂ ನುಂಗಿದರೆ ಪ್ರಾಣಾಪಾಯ. ಇದರ ಗುಣ ಕಾಣಲು 6ರಿಂದ 12 ವಾರ ಬೇಕು. ಹಾಗಾಗಿ ಮೊದಲ ತಿಂಗಳಲ್ಲೇ ತೀರ್ಪು ಕೊಡುವುದು ಅವಸರ. 3 ತಿಂಗಳಲ್ಲಿ ಏನೂ ಸುಧಾರಣೆ ಇಲ್ಲದಿದ್ದರೆ, ಅಥವಾ 6 ತಿಂಗಳಾದರೂ ರೋಗ ಹತೋಟಿಗೆ ಬರದಿದ್ದರೆ, ವೈದ್ಯರೇ ಚಿಕಿತ್ಸೆ ಬದಲಿಸುತ್ತಾರೆ.

ಹತೋಟಿಯನ್ನು ಅಳೆಯುವುದು ಹೇಗೆ? 28 ಕೀಲುಗಳನ್ನು ಒತ್ತಿ ನೋಡಿ ನೋವು ಎಷ್ಟರಲ್ಲಿದೆ, ಊತ ಎಷ್ಟರಲ್ಲಿದೆ ಎಂದು ಎಣಿಸುತ್ತಾರೆ. ಅದಕ್ಕೆ ರಕ್ತದ ಇಎಸ್‌ಆರ್ ಅಥವಾ ಸಿಆರ್‌ಪಿ, ಜೊತೆಗೆ ರೋಗಿ ತನಗೆ ತಾನೇ ಕೊಡುವ ಅಂಕ ಸೇರುತ್ತದೆ. ಲೆಕ್ಕ 2.6ಕ್ಕಿಂತ ಕೆಳಗಿದ್ದರೆ ರೋಗ ತಣ್ಣಗಿದೆ ಎಂದರ್ಥ. ಗಮನಿಸಿ, ಸುಸ್ತಿಗೆ ಇದರಲ್ಲಿ ಪ್ರತ್ಯೇಕ ಅಂಕವೇ ಇಲ್ಲ! ವರದಿ ಚೆನ್ನಾಗಿದ್ದೂ ರೋಗಿ ಮಂಚದಿಂದ ಏಳಲಾರದೆ ಇರುವುದು ಹೀಗೆ.

ಕೀಲು ಊದಿದ್ದು ಸುಸ್ತೂ ಇದ್ದರೆ ಔಷಧಿಯ ಪ್ರಶ್ನೆ ಏಳುವುದು ನ್ಯಾಯ. ಊತವಿಲ್ಲದೆ ಬರೀ ಸುಸ್ತಿದ್ದರೆ ಬೇರೆ ಕಡೆ ಹುಡುಕಬೇಕು. ಕಾಮರ್ಸ್‌ನವರಿಗೆ ಇದು ಗೊತ್ತು: ಟ್ರಯಲ್ ಬ್ಯಾಲೆನ್ಸ್ ಹೊಂದದಿದ್ದರೆ ವ್ಯತ್ಯಾಸವನ್ನು ಸಸ್ಪೆನ್ಸ್ ಖಾತೆಗೆ ಹಾಕಿ ತಪ್ಪು ಹುಡುಕುತ್ತೇವೆ, ಕೈಗೆ ಸಿಕ್ಕ ಖಾತೆ ತಿದ್ದುವುದಿಲ್ಲ. ಇಲ್ಲಿ ಹುಡುಕಬೇಕಾದವು ರಕ್ತಹೀನತೆ (ಮಹಿಳೆಯರಲ್ಲಿ ಹಿಮೋಗ್ಲೋಬಿನ್ 12ಕ್ಕಿಂತ ಕಡಿಮೆ), ಥೈರಾಯ್ಡ್, ನೋವಿನಿಂದ ಕೆಡುವ ನಿದ್ದೆ, ಮನಸ್ಸಿನ ಖಿನ್ನತೆ. ಖಿನ್ನತೆಯ ಮಾತನ್ನು ನಮ್ಮ ಮನೆಗಳಲ್ಲಿ ಯಾರೂ ಎತ್ತುವುದಿಲ್ಲ, ಎತ್ತಬೇಕು.

ಕೆಲವರಿಗೆ ಮೆಥೋಟ್ರೆಕ್ಸೇಟೇ ಸುಸ್ತು ತರುತ್ತದೆ, ಆದರೆ ಹೆಚ್ಚಾಗಿ ಮಾತ್ರೆಯ ಮರುದಿನ, ಒಂದೆರಡು ದಿನ. ಕ್ಯಾಲೆಂಡರ್‌ನಲ್ಲಿ ಮಾತ್ರೆಯ ದಿನಕ್ಕೆ ಒಂದು ಗುರುತು, ಸುಸ್ತಿನ ದಿನಕ್ಕೆ ಇನ್ನೊಂದು ಗುರುತು ಹಾಕಿದರೆ ತಿಂಗಳಲ್ಲಿ ಗೊತ್ತಾಗುತ್ತದೆ. ಹಾಗಿದ್ದರೆ ಔಷಧಿಯನ್ನೇ ಬಿಡಬೇಕಿಲ್ಲ. ರಾತ್ರಿ ತೆಗೆದುಕೊಳ್ಳುವುದು, ಫೋಲಿಕ್ ಆಸಿಡ್ ಸರಿಪಡಿಸುವುದು, ಇಂಜೆಕ್ಷನ್‌ಗೆ ಹೋಗುವುದು ಇವೆಲ್ಲ ವೈದ್ಯರ ಕೈಯಲ್ಲಿವೆ. ನಾವಾಗಿಯೇ ನಿಲ್ಲಿಸಿದರೆ ಊತ ಮರಳಿ ಬರಬಹುದು, ಸವೆದ ಮೂಳೆ ಮತ್ತೆ ಬೆಳೆಯುವುದಿಲ್ಲ.

ದುಬಾರಿ ಬಯಾಲಜಿಕ್ ಇಂಜೆಕ್ಷನ್‌ಗೆ ಬದಲಿಸಿದರೆ? ಸುಸ್ತು ಸ್ವಲ್ಪ ಇಳಿಯುತ್ತದೆ, ಪೂರ್ತಿ ಹೋಗುವುದು ಅಪರೂಪ. ಸೋಂಕಿನ ಭಯವೂ ಇದೆ, ಅದಕ್ಕೇ ಮೊದಲು ಕ್ಷಯದ ಪರೀಕ್ಷೆ ಮಾಡಿಸುತ್ತಾರೆ. ಸುಸ್ತಿಗೆ ದಿನವೂ ನಡೆಯುವುದೇ ಒಳ್ಳೆಯ ಮದ್ದು ಎಂದರೆ ನಂಬುವುದು ಕಷ್ಟ, ಆದರೆ ಅಧ್ಯಯನಗಳಲ್ಲಿ ವ್ಯಾಯಾಮದಿಂದ ಸುಸ್ತು ಇಳಿದಿದೆ. ಹತ್ತು ನಿಮಿಷದಿಂದ ಶುರು ಮಾಡಬಹುದು.

ಇನ್ನೊಂದು ತೊಡಕು ಭಾಷೆಯದು. ಉರ್ದುವಿನಲ್ಲಿ 'ಕಮಜೋರಿ' ಎಂಬ ಒಂದೇ ಮಾತಿನಲ್ಲಿ ನಿದ್ದೆ, ನಿಶ್ಶಕ್ತಿ, ಬೇಸರ ಎಲ್ಲ ಅಡಗುತ್ತವೆ. ವೈದ್ಯರ ಮುಂದೆ ನಾನು ಅದನ್ನು 'ಸುಸ್ತು' ಎಂದು ಅನುವಾದಿಸಿದರೆ ಅವರಿಗೆ ಏನೂ ಸಿಗುವುದಿಲ್ಲ. ಅದರ ಬದಲು "ಮಧ್ಯಾಹ್ನ ಎರಡಕ್ಕೆ ಮಲಗಿದರೆ ಅಸರ್‌ವರೆಗೆ ಏಳುವುದಿಲ್ಲ, ಕಲಸಿದ ಹಿಟ್ಟನ್ನು ಅರ್ಧಕ್ಕೆ ಬಿಡುತ್ತಾರೆ" ಎಂದು ಹೇಳಬೇಕು.